ಪಾಲಿಕೆ ಚುನಾವಣೆಗೂ ಚೀಟಿ ಬೇಕು, ಗೆದ್ದವರೇ ಅದನ್ನು ಕೊಡಲಿ

ಮಾನ್ಯ ಸಂಪಾದಕರೇ,

2026ರ ಜನವರಿ 15ರಂದು ಮುಂಬಯಿ ಮಹಾನಗರ ಪಾಲಿಕೆಗೆ ಮತದಾನ ನಡೆಯಿತು. ಇದಕ್ಕೆ ಮುಂಚೆ ನಡೆದದ್ದು 2017ರ ಫೆಬ್ರವರಿಯಲ್ಲಿ. 2022ರ ಮಾರ್ಚ್‌ನಿಂದ ಜನ ಆರಿಸಿದ ನಗರಸೇವಕರೇ ಇಲ್ಲದೆ, ಆಡಳಿತಾಧಿಕಾರಿಯ ಕೈಯಲ್ಲೇ ಪಾಲಿಕೆ ನಡೆದಿತ್ತು. ಅಷ್ಟು ಕಾದ ಮೇಲೆ ಮತಗಟ್ಟೆಗೆ ಹೋದೆವು, ಬಟನ್ ಒತ್ತಿದೆವು, ಬೀಪ್ ಅಂತ ಸದ್ದಾಯಿತು, ಬಂದೆವು. ಚೀಟಿ ಇರಲಿಲ್ಲ. 2024ರಲ್ಲಿ ಲೋಕಸಭೆಗೂ ವಿಧಾನಸಭೆಗೂ ಮತ ಹಾಕಿದಾಗ ಯಂತ್ರದ ಪಕ್ಕದ ಕಿಟಕಿಯಲ್ಲಿ ಏಳು ಸೆಕೆಂಡ್ ದೀಪ ಹೊತ್ತಿ, ನಾವು ಆರಿಸಿದವರ ಹೆಸರು, ಚಿಹ್ನೆ, ಕ್ರಮಸಂಖ್ಯೆ ಇದ್ದ ಚೀಟಿ ಕಾಣಿಸಿ, ಕೆಳಗಿನ ಪೆಟ್ಟಿಗೆಗೆ ಬಿದ್ದಿತ್ತಲ್ಲ, ಆ ವಿವಿಪ್ಯಾಟ್ ಪಾಲಿಕೆ ಚುನಾವಣೆಯಲ್ಲಿ ಇಲ್ಲವೇ ಇಲ್ಲ. ಈ ಬಗ್ಗೆ ನಮ್ಮ ಕನ್ನಡಿಗರಲ್ಲಿ ಮಾತು ಕಡಿಮೆ. ಅದಕ್ಕೇ ಈ ಪತ್ರ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇವಿಎಂನಲ್ಲಿ ಮೋಸ ಆಗಿದೆ ಅಂತ ನಾನು ಹೇಳುತ್ತಿಲ್ಲ. ಅದಕ್ಕೆ ನನ್ನ ಬಳಿ ಪುರಾವೆ ಇಲ್ಲ, ಪುರಾವೆ ಇಲ್ಲದೆ ಸುಮ್ನೆ ಆರೋಪ ಮಾಡುವುದು ತಪ್ಪು. 2024ರ ವಿಧಾನಸಭೆ ಚುನಾವಣೆಯಲ್ಲಿ ಮಹಾರಾಷ್ಟ್ರದ 288 ಕ್ಷೇತ್ರಗಳಲ್ಲೂ ಕ್ಷೇತ್ರಕ್ಕೆ ಐದರಂತೆ 1440 ವಿವಿಪ್ಯಾಟ್‌ಗಳ ಚೀಟಿ ಎಣಿಸಿದರು, ಯಂತ್ರದ ಲೆಕ್ಕಕ್ಕೂ ಚೀಟಿಯ ಲೆಕ್ಕಕ್ಕೂ ಎಲ್ಲೂ ವ್ಯತ್ಯಾಸ ಬರಲಿಲ್ಲ ಎಂದು ಚುನಾವಣಾ ಅಧಿಕಾರಿಗಳು ಹೇಳಿದರು. ಆದರೆ ಹಾಗೆ ಧೈರ್ಯವಾಗಿ ಹೇಳಲು ಅವರಿಗೆ ಆದದ್ದು ಯಾಕೆ? ಎಣಿಸಲು ಚೀಟಿ ಇತ್ತು. ಪಾಲಿಕೆ ಚುನಾವಣೆಯ ಮರುದಿನ ಯಾರಾದರೂ ಅದೇ ಪ್ರಶ್ನೆ ಕೇಳಿದ್ದರೆ ತೋರಿಸಲು ಏನಿತ್ತು?

ನಮ್ಮೂರಿನಿಂದ ಬಂದು ಇಲ್ಲಿ ಹೋಟೆಲ್ ನಡೆಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಲ್ಲಿಂಗ್ ಎಲ್ಲ ಕಂಪ್ಯೂಟರಿಗೆ ಬಂದರೂ ಅಡುಗೆಮನೆಗೆ ಹೋದ ಕೆಒಟಿ, ಅಂದರೆ ಆರ್ಡರ್ ಚೀಟಿಗಳನ್ನು ಇಟ್ಟುಕೊಂಡು ರಾತ್ರಿ ಗಲ್ಲಾಪೆಟ್ಟಿಗೆಯ ಲೆಕ್ಕಕ್ಕೆ ತಾಳೆ ಹಾಕುತ್ತಾರೆ. ಹಾಗೆ ಮಾಡಿದರೆ ಕ್ಯಾಷಿಯರ್ ಕಳ್ಳ ಅಂತ ಅರ್ಥವಲ್ಲ. ಲೆಕ್ಕ ಸರಿ ಇದೆ ಅಂತ ನಾಳೆ ಯಾರಿಗಾದರೂ ತೋರಿಸಬಹುದು, ಕ್ಯಾಷಿಯರಿಗೂ ಅದೇ ರಕ್ಷಣೆ.

ಈ ಚೀಟಿ ನಮಗೆ ಸುಲಭವಾಗಿ ಬಂದದ್ದಲ್ಲ. 2004ರ ಲೋಕಸಭೆ ಚುನಾವಣೆ ಪೂರ್ತಿ ಇವಿಎಂನಲ್ಲೇ ನಡೆಯಿತು, ಆಗ ಚೀಟಿಯ ಮಾತೇ ಇರಲಿಲ್ಲ. 2009ರಲ್ಲಿ ಸೋತ ಮೇಲೆ ಬಿಜೆಪಿಯ ಅಡ್ವಾಣಿಯವರು ಯಂತ್ರದ ಬಗ್ಗೆ ಅನುಮಾನ ಎತ್ತಿದರು. 2010ರಲ್ಲಿ ಸರ್ವಪಕ್ಷ ಸಭೆ ಕರೆದಾಗ ಕಾಗದದ ದಾಖಲೆ ಇರಲಿ ಎಂಬ ಬೇಡಿಕೆ ಬಂತು. 2011ರಲ್ಲಿ ಲಡಾಖ್, ಚಿರಾಪುಂಜಿ, ಜೈಸಲ್ಮೇರ್, ತಿರುವನಂತಪುರ, ಪೂರ್ವ ದೆಹಲಿಯಲ್ಲಿ, ಅಂದರೆ ಚಳಿ, ಮಳೆ, ಬಿಸಿಲು ಎಲ್ಲ ಇರುವ ಕಡೆ ಪರೀಕ್ಷೆ ಮಾಡಿದರು. 2013ರ ಆಗಸ್ಟಿನಲ್ಲಿ ನಿಯಮ ತಿದ್ದುಪಡಿಯಾಯಿತು, ಸೆಪ್ಟೆಂಬರಿನಲ್ಲಿ ನಾಗಾಲ್ಯಾಂಡಿನ ನೋಕ್ಸೆನ್ ಉಪಚುನಾವಣೆಯಲ್ಲಿ ಮೊದಲ ಬಾರಿ ಬಳಸಿದರು. ಸುಬ್ರಮಣಿಯನ್ ಸ್ವಾಮಿ ಹಾಕಿದ್ದ ಅರ್ಜಿಯಲ್ಲಿ ಅದೇ ಅಕ್ಟೋಬರ್ 8ರಂದು ಸುಪ್ರೀಂ ಕೋರ್ಟ್, ಮುಕ್ತ ಮತ್ತು ನ್ಯಾಯಸಮ್ಮತ ಚುನಾವಣೆಗೆ ಕಾಗದದ ದಾಖಲೆ ಇರಲೇಬೇಕು ಎಂದು ಹೇಳಿತು. 2014ರಲ್ಲಿ ಎಂಟು ಲೋಕಸಭಾ ಕ್ಷೇತ್ರಗಳಲ್ಲಿ ವಿವಿಪ್ಯಾಟ್ ಇಟ್ಟರು, ಅದರಲ್ಲಿ ನಮ್ಮ ಬೆಂಗಳೂರು ದಕ್ಷಿಣವೂ ಒಂದು. ಪಕ್ಕದ ಗೋವಾದಲ್ಲಿ 2017ರ ಫೆಬ್ರವರಿ 4ರಂದು ಎಲ್ಲಾ 40 ಕ್ಷೇತ್ರಗಳಲ್ಲೂ ಚೀಟಿ ಬಂತು.

ಅದೇ ತಿಂಗಳ 21ಕ್ಕೆ ಮುಂಬಯಿ ಪಾಲಿಕೆಗೆ ಮತದಾನ ಆಯಿತು. ಚೀಟಿ ಇಲ್ಲದೆ. ಗಿರ್ಗಾಂವ್ ಕಡೆಯ 220ನೇ ವಾರ್ಡಿನಲ್ಲಿ ಶಿವಸೇನೆಯ ಮತ್ತು ಬಿಜೆಪಿಯ ಅಭ್ಯರ್ಥಿಗಳಿಗೆ ಸಮ ಸಮ ಮತ ಬಿತ್ತು, ಮರುಎಣಿಕೆ ಮಾಡಿದರೂ ಸಮವೇ, ಕೊನೆಗೆ ಲಾಟರಿ ಎತ್ತಿ ಬಿಜೆಪಿಯವರು ಗೆದ್ದರು. ಸಮ ಬಂದರೆ ಲಾಟರಿ ಎತ್ತುವುದು ಕಾನೂನಿನಲ್ಲೇ ಇದೆ, ಅದರಲ್ಲಿ ತಪ್ಪಿಲ್ಲ. ಆದರೆ ಇವಿಎಂನಲ್ಲಿ ಮರುಎಣಿಕೆ ಅಂದರೆ ಅದೇ ಬಟನ್ ಒತ್ತಿ ಅದೇ ಸಂಖ್ಯೆಯನ್ನು ಮತ್ತೊಮ್ಮೆ ಓದುವುದು, ಅಷ್ಟೇ ಅಲ್ವಾ? ಒಂದೇ ಒಂದು ಮತ ಫಲಿತಾಂಶ ತಿರುಗಿಸುವ ಕಡೆ, ಆ ವಾರ್ಡಿನ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿ ಎರಡೂ ಕಡೆಯ ಏಜೆಂಟರ ಮುಂದೆ ಎಣಿಸಿದ್ದರೆ ಲಾಟರಿಯಲ್ಲಿ ಸೋತವರಿಗೂ ಸಮಾಧಾನ ಇರುತ್ತಿತ್ತು.

ಈಗ ರಾಜಕೀಯಕ್ಕೆ ಬರುತ್ತೇನೆ, ನನಗೆ ಜಾಸ್ತಿ ಬೇಸರ ಇರುವುದು ಅಲ್ಲೇ. ಕಾಗದದ ದಾಖಲೆಗೆ ಈ ದೇಶದಲ್ಲಿ ಬೆಂಬಲ ಕೊಡದ ಪಕ್ಷ ಇಲ್ಲ, ಒಂದೇ ಶರತ್ತು, ಆಗ ಆ ಪಕ್ಷ ಅಧಿಕಾರದಲ್ಲಿ ಇರಬಾರದು. 2009ರಲ್ಲಿ ಅನುಮಾನಿಸಿದ ಬಿಜೆಪಿ ಈಗ ಯಂತ್ರದ ಬಗ್ಗೆ ಕೇಳಿದವರನ್ನೆಲ್ಲ ಸೋತವರ ಗೋಳು ಎನ್ನುತ್ತದೆ. 2019ರ ಚುನಾವಣೆಗೆ ಮುಂಚೆ 21 ಪಕ್ಷಗಳ ನಾಯಕರನ್ನು ಕೂಡಿಸಿಕೊಂಡು, ಅರ್ಧದಷ್ಟು ಚೀಟಿ ಎಣಿಸಿ ಎಂದು ಸುಪ್ರೀಂ ಕೋರ್ಟಿಗೆ ಹೋದವರು ಆಂಧ್ರದ ಚಂದ್ರಬಾಬು ನಾಯ್ಡು. ಆ ಅರ್ಜಿಯಿಂದಲೇ ಚೀಟಿ ಎಣಿಸುವುದು ವಿಧಾನಸಭಾ ಕ್ಷೇತ್ರಕ್ಕೆ ಒಂದು ಇದ್ದದ್ದು ಐದು ಮತಗಟ್ಟೆಯಾಯಿತು, ಅದಕ್ಕೆ ಅವರನ್ನು ಮೆಚ್ಚಬೇಕು. ಅದೇ ಆಂಧ್ರದಲ್ಲಿ 2024ರಲ್ಲಿ ನಾಯ್ಡು ಗೆದ್ದರು, ಆಗ ಮತಪತ್ರ ಬೇಕು ಅಂದವರು ಸೋತ ಜಗನ್ಮೋಹನ ರೆಡ್ಡಿ.

ನಮ್ಮ ಮಹಾರಾಷ್ಟ್ರದ ಕಥೆಯೂ ಬೇರೆಯಲ್ಲ. 2021ರ ಫೆಬ್ರವರಿಯಲ್ಲಿ ವಿಧಾನಸಭಾಧ್ಯಕ್ಷರಾಗಿದ್ದ ಕಾಂಗ್ರೆಸ್‌ನ ನಾನಾ ಪಟೋಲೆ, ಮತದಾರನಿಗೆ ಇವಿಎಂ ಬೇಕೋ ಮತಪತ್ರ ಬೇಕೋ ಎಂಬ ಆಯ್ಕೆ ಕೊಡುವ ಕಾನೂನಿನ ಕರಡು ಮಾಡಿ ಎಂದು ಹೇಳಿದರು. ಆಗ ಸರ್ಕಾರ ಅವರದ್ದೇ, ಶಿವಸೇನೆ, ಎನ್‌ಸಿಪಿ, ಕಾಂಗ್ರೆಸ್ ಸೇರಿದ ಮಹಾವಿಕಾಸ ಆಘಾಡಿಯದ್ದು. 2022ರ ಜೂನ್ ತನಕ ಅಧಿಕಾರದಲ್ಲಿದ್ದರು. ಕಾನೂನು ಬರಲಿಲ್ಲ. 2024ರಲ್ಲಿ ಸೋತ ಮೇಲೆ ಅದೇ ಪಕ್ಷಗಳು ಬೀದಿಗಿಳಿದವು. ಈಗ ಕೇಳುತ್ತಿರುವುದು ನ್ಯಾಯವಾದದ್ದೇ, ನಾನೂ ಅದನ್ನೇ ಕೇಳುತ್ತಿದ್ದೇನೆ. ಆದರೆ ಮಸೂದೆ ತರಲು ಸಂಖ್ಯಾಬಲ ಇದ್ದಾಗ ಯಾಕೆ ತರಲಿಲ್ಲ ಎಂಬುದಕ್ಕೆ ಅವರು ಉತ್ತರ ಕೊಡಬೇಕು.

ಇಲ್ಲೇ ಜನ ಗಮನಿಸದ ವಿಷಯ ಒಂದಿದೆ. ಲೋಕಸಭೆ, ವಿಧಾನಸಭೆ ಚುನಾವಣೆಯ ನಿಯಮ ಬದಲಿಸಬೇಕಾದರೆ ದೆಹಲಿಗೆ ಹೋಗಬೇಕು. ಪಾಲಿಕೆ, ಜಿಲ್ಲಾ ಪರಿಷತ್, ಗ್ರಾಮ ಪಂಚಾಯತಿಗೆ ಹಾಗಲ್ಲ. ಸಂವಿಧಾನದ 243ಕೆ ಮತ್ತು 243ಝೆಡ್‌ಎ ವಿಧಿಗಳ ಪ್ರಕಾರ ಅವನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗ, ಕಾನೂನು ಮಾಡುವುದು ರಾಜ್ಯದ ಶಾಸಕಾಂಗ. ಅಂದರೆ ನಮ್ಮ ಚೀಟಿ ಇರುವುದು ನರಿಮನ್ ಪಾಯಿಂಟಿನ ವಿಧಾನ ಭವನದಲ್ಲಿ. ಚರ್ಚ್‌ಗೇಟ್ ಲೋಕಲ್ ಹತ್ತಿ ಇಳಿದರೆ ನಡೆದೇ ಹೋಗಬಹುದು. ಕರ್ನಾಟಕದಲ್ಲಿ 2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ಸ್ಥಳೀಯ ಚುನಾವಣೆಗಳಿಗೆ ಮತಪತ್ರ ಬಳಸಿ ಎಂದು ಅಲ್ಲಿಯ ಆಯೋಗಕ್ಕೆ ಶಿಫಾರಸು ಮಾಡಿತು. ಪೂರ್ತಿ ಮತಪತ್ರಕ್ಕೇ ಹಿಂದಿರುಗುವುದು ನನಗೆ ಅಷ್ಟು ಒಪ್ಪಿಗೆಯಿಲ್ಲ. ಮತಪೆಟ್ಟಿಗೆ ಹೊತ್ತೊಯ್ದ, ಕಟ್ಟುಗಟ್ಟಲೆ ಮುದ್ರೆ ಒತ್ತಿದ ಕಾಲವನ್ನು ನೋಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಯಂತ್ರವೂ ಇರಲಿ, ಕಾಗದವೂ ಇರಲಿ, ಒಂದರ ಮೇಲೆ ಇನ್ನೊಂದರ ಕಣ್ಣಿರಲಿ. ಆದರೆ ರಾಜ್ಯ ಸರ್ಕಾರಕ್ಕೆ ಮನಸ್ಸಿದ್ದರೆ ಹೆಜ್ಜೆ ಇಡಬಹುದು ಅನ್ನುವುದಂತೂ ಅಲ್ಲಿ ಗೊತ್ತಾಯಿತು.

ಇಲ್ಲಿ ವಿವಿಪ್ಯಾಟ್ ಯಾಕಿಲ್ಲ ಎಂದು ಕೇಳಿದಾಗ ಬಂದ ಮುಖ್ಯ ಕಾರಣ ಬಹುಸದಸ್ಯ ವಾರ್ಡುಗಳದ್ದು. ಪುಣೆ, ಠಾಣೆಯಂಥ ಕಡೆ ಒಬ್ಬ ಮತದಾರ ಒಂದಕ್ಕಿಂತ ಹೆಚ್ಚು ಮತ ಹಾಕಬೇಕು, ಅದಕ್ಕೆ ಹೊಂದುವ ಚೀಟಿ ಯಂತ್ರ ಸಿದ್ಧವಾಗಿಲ್ಲ ಎನ್ನುವುದು. ಪುಣೆಗೆ ಈ ಮಾತು ಸರಿ ಇರಬಹುದು. ಮುಂಬಯಿಗೆ? ಇಲ್ಲಿ 227 ವಾರ್ಡು, ವಾರ್ಡಿಗೆ ಒಬ್ಬರೇ ನಗರಸೇವಕರು, ಮತದಾರನಿಗೆ ಒಂದೇ ಮತ. ವಿಧಾನಸಭೆಗೆ ಹೇಗೋ ಹಾಗೆಯೇ. 74 ಸಾವಿರ ಕೋಟಿ ರೂಪಾಯಿ ದಾಟಿದ ಬಜೆಟ್ ಇರುವ ಪಾಲಿಕೆ ಇದು. ಮುಂಬಯಿಯಿಂದಲೇ ಶುರು ಮಾಡಿ, ಬಹುಸದಸ್ಯ ವಾರ್ಡಿನ ಯಂತ್ರ ಸಿದ್ಧವಾದಾಗ ಪುಣೆಗೂ ಕೊಡಿ. ಎಲ್ಲರಿಗೂ ಒಟ್ಟಿಗೆ ಆಗುವ ತನಕ ಯಾರಿಗೂ ಬೇಡ ಅನ್ನುವುದು ಯಾವ ನ್ಯಾಯ?

ಮೋಸವೇ ಆಗಬೇಕೆಂದಿಲ್ಲ, ತಪ್ಪಾದರೂ ಸಾಕು. ಹರಿಯಾಣದ ಪಾಣಿಪತ್ ಜಿಲ್ಲೆಯ ಬುಆನಾ ಲಾಖು ಗ್ರಾಮದಲ್ಲಿ 2022ರ ನವೆಂಬರಿನಲ್ಲಿ ಸರಪಂಚ್, ಅಂದರೆ ಪಂಚಾಯತಿ ಮುಖ್ಯಸ್ಥರ ಚುನಾವಣೆ ನಡೆಯಿತು. ಫಲಿತಾಂಶದ ಬಗ್ಗೆ ಜಗಳ ಎದ್ದು ಕೋರ್ಟುಗಳನ್ನು ಹತ್ತಿ ಇಳಿದು, ಕೊನೆಗೆ ಸುಪ್ರೀಂ ಕೋರ್ಟ್ ಯಂತ್ರಗಳನ್ನು ತನ್ನ ಆವರಣಕ್ಕೇ ತರಿಸಿ 2025ರಲ್ಲಿ ಎಣಿಸಿತು. ಸೋತವರೆಂದು ಘೋಷಿಸಿದ್ದವರೇ ಗೆದ್ದಿದ್ದರು! ಒಂದು ಹಳ್ಳಿಯ ಲೆಕ್ಕ ಸರಿಯಾಗಲು ಹತ್ತಿರ ಹತ್ತಿರ ಮೂರು ವರ್ಷ ಹಿಡಿಯಿತು. ಯಂತ್ರದಲ್ಲಿ ಸಂಖ್ಯೆ ಉಳಿದಿತ್ತು, ಸರಿಹೋಯಿತು. ಯಂತ್ರವೇ ಕೆಟ್ಟಿದ್ದರೆ ಏನು ಗತಿ?

ನಾನಿರುವುದು ಗೋರೆಗಾಂವ್‌ನಲ್ಲಿ. ನಮ್ಮ ಮುಂಬಯಿ ವಾಯವ್ಯ ಲೋಕಸಭಾ ಕ್ಷೇತ್ರದಲ್ಲಿ 2024ರಲ್ಲಿ ರವೀಂದ್ರ ವಾಯಕರ್ ಗೆದ್ದದ್ದು 48 ಮತಗಳಿಂದ. ಜೋಗೇಶ್ವರಿ, ಅಂಧೇರಿ, ದಿಂಡೋಶಿ, ವರ್ಸೋವಾ, ಗೋರೆಗಾಂವ್ ಸೇರಿ ಲಕ್ಷಗಟ್ಟಲೆ ಮತ ಬಿದ್ದ ಕಡೆ 48. ಸೋತ ಅಮೋಲ್ ಕೀರ್ತಿಕರ್ ಹೈಕೋರ್ಟಿಗೆ ಹೋದರು, ಅರ್ಜಿ ವಜಾ ಆಯಿತು, ಆ ತೀರ್ಪಿನ ಬಗ್ಗೆ ನಾನು ಮಾತಾಡುವುದಿಲ್ಲ. ನಾನು ಹೇಳುವುದು ಇಷ್ಟೇ. ಆರು ವಿಧಾನಸಭಾ ಕ್ಷೇತ್ರ, ಕ್ಷೇತ್ರಕ್ಕೆ ಐದರಂತೆ ಚೀಟಿ ಎಣಿಸಬೇಕಾದದ್ದು 30 ಮತಗಟ್ಟೆಗಳಲ್ಲಿ. ಅಂತರ ಐದು ಲಕ್ಷ ಇದ್ದರೂ ಅಷ್ಟೇ, 48 ಇದ್ದರೂ ಅಷ್ಟೇ ಎಣಿಸುವ ನಿಯಮಕ್ಕೆ ಅರ್ಥ ಇದೆಯಾ? ಚೀಟಿ ಇದ್ದರೆ ಸಾಲದು, ಬೇಕಾದಾಗ ಅದನ್ನು ಎಣಿಸಬೇಕು. ಕೇಂದ್ರದ ನಿಯಮದಲ್ಲಿ 56ಡಿ ಅಂತ ಒಂದಿದೆ, ಅಭ್ಯರ್ಥಿ ಅರ್ಜಿ ಕೊಟ್ಟರೆ ಚುನಾವಣಾಧಿಕಾರಿ ಚೀಟಿ ಎಣಿಸಲು ಆದೇಶ ಕೊಡಬಹುದು, ಯಂತ್ರಕ್ಕೂ ಚೀಟಿಗೂ ವ್ಯತ್ಯಾಸ ಬಂದರೆ ಚೀಟಿಯದ್ದೇ ಅಂತಿಮ. ಒಳ್ಳೆಯ ನಿಯಮ. ಆದರೆ ಕೊಡುವುದು ಬಿಡುವುದು ಅಧಿಕಾರಿಯ ಇಷ್ಟ.

ಸೊಲ್ಲಾಪುರ ಜಿಲ್ಲೆಯ ಮಾರ್ಕಡವಾಡಿ ನಿಮಗೆ ನೆನಪಿರಬಹುದು. 2024ರ ಡಿಸೆಂಬರಿನಲ್ಲಿ ಆ ಊರಿನವರು ತಮ್ಮೂರಿನ ಲೆಕ್ಕದ ಬಗ್ಗೆ ಅನುಮಾನ ಬಂದು ತಾವೇ ಮತಪತ್ರ ಮಾಡಿ ಅಣಕು ಮತದಾನಕ್ಕೆ ಹೊರಟರು, ಆಡಳಿತ ತಡೆಯಿತು. ಅವರು ಬೆಂಬಲಿಸಿದ ಅಭ್ಯರ್ಥಿ ಕ್ಷೇತ್ರದಲ್ಲಿ ಗೆದ್ದಿದ್ದರು, ಆದರೂ ಅವರಿಗೆ ತಮ್ಮೂರಿನ ಸಂಖ್ಯೆ ನಂಬಿಕೆಯಾಗಲಿಲ್ಲ. ಪೊಲೀಸರನ್ನು ಕಳಿಸುವ ಬದಲು ಆ ಊರಿನ ಮತಗಟ್ಟೆಗಳ ಚೀಟಿ ತೆಗೆದು ಎಲ್ಲರೆದುರು ಎಣಿಸಿದ್ದರೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತಿತ್ತು.

ಗೆದ್ದವರು ಇಂಥ ಕೆಲಸ ಎಲ್ಲಿ ಮಾಡುತ್ತಾರೆ ಅಂತ ಕೇಳುವವರಿಗೆ ಅಮೆರಿಕದ ಒಂದು ಉದಾಹರಣೆ. 2006ರಲ್ಲಿ ಫ್ಲಾರಿಡಾದ ಸರಸೋಟಾ ಕೌಂಟಿಯಲ್ಲಿ ಕಾಗದವಿಲ್ಲದ ಟಚ್‌ಸ್ಕ್ರೀನ್ ಯಂತ್ರಗಳಲ್ಲಿ ಮತ ಹಾಕಿಸಿದರು. ಸಂಸತ್ ಸ್ಥಾನದ ಆ ಸ್ಪರ್ಧೆಯಲ್ಲಿ ಸುಮಾರು 18 ಸಾವಿರ ಜನರ ಮತ ಯಾರಿಗೂ ದಾಖಲಾಗಲಿಲ್ಲ, ಗೆಲುವಿನ ಅಂತರ ಮಾತ್ರ 369. ಅವರು ಬೇಕಂತ ಬಿಟ್ಟರೋ ಯಂತ್ರ ಬಿಟ್ಟಿತೋ ನೋಡಲು ಕಾಗದ ಇರಲಿಲ್ಲ. ಗೆದ್ದದ್ದು ರಿಪಬ್ಲಿಕನ್ ಪಕ್ಷದವರು. ಮರುವರ್ಷ ಆ ಯಂತ್ರಗಳನ್ನು ತೆಗೆದು ಕಾಗದದ ಮತಪತ್ರ ತರುವ ಕಾನೂನಿಗೆ ಸಹಿ ಹಾಕಿದ ಗವರ್ನರ್ ಚಾರ್ಲಿ ಕ್ರಿಸ್ಟ್ ಆಗ ಅದೇ ರಿಪಬ್ಲಿಕನ್ ಪಕ್ಷದವರೇ. ಮುಂದೆ 2020ರಲ್ಲಿ ಜಾರ್ಜಿಯಾದಲ್ಲಿ ಅಧ್ಯಕ್ಷ ಚುನಾವಣೆ ಸುಮಾರು 12 ಸಾವಿರ ಮತಗಳಲ್ಲಿ ತೀರ್ಮಾನವಾಗಿ ಗಲಾಟೆ ಎದ್ದಾಗ, ಕಾಗದ ಇದ್ದದ್ದರಿಂದ ಸುಮಾರು 50 ಲಕ್ಷ ಮತಪತ್ರಗಳನ್ನು ಕೈಯಲ್ಲೇ ಎಣಿಸಿದರು. ಫಲಿತಾಂಶ ಬದಲಾಗಲಿಲ್ಲ. 50 ಲಕ್ಷ ಅಲ್ಲಿ ಎಣಿಸಬಹುದಾದರೆ ನಮ್ಮ ಒಂದು ವಾರ್ಡಿನ ಕೆಲವು ಸಾವಿರ ಚೀಟಿ ಎಣಿಸುವುದು ಕಷ್ಟದ ಮಾತಲ್ಲ.

ಮತದಾರರ ಪಟ್ಟಿಯ ಗೊಂದಲ ಬೇರೆ, ಅದನ್ನು ಇದರ ಜೊತೆ ಕಲಸಬಾರದು. ಪಟ್ಟಿ ಸರಿಯಿಲ್ಲದಿದ್ದರೆ ಚೀಟಿ ಅದನ್ನು ಸರಿಮಾಡುವುದಿಲ್ಲ. ಈಗೀಗ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಎರಡೂ ಬೇಡಿಕೆ ಸಡಿಲವಾಗುತ್ತಿವೆ.

ನಾನು ಕೇಳುವುದು ದೊಡ್ಡದೇನಲ್ಲ. ಮುಂಬಯಿ ಪಾಲಿಕೆಯ 1888ರ ಕಾಯ್ದೆಗೆ ಮತ್ತು ರಾಜ್ಯದ ಉಳಿದ ಸ್ಥಳೀಯ ಸಂಸ್ಥೆಗಳ ಕಾಯ್ದೆಗಳಿಗೆ ತಿದ್ದುಪಡಿ ತಂದು, ಪ್ರತಿ ಮತಕ್ಕೂ ಮತದಾರ ಕಣ್ಣಾರೆ ನೋಡುವ ಚೀಟಿ ಇರಬೇಕು, ಪ್ರತಿ ವಾರ್ಡಿನಲ್ಲೂ ಕೆಲವು ಮತಗಟ್ಟೆಗಳ ಚೀಟಿ ಎಣಿಸಲೇಬೇಕು, ಅಂತರ ತೀರಾ ಕಡಿಮೆಯಿದ್ದರೆ ಯಾರೂ ಅರ್ಜಿ ಕೊಡದಿದ್ದರೂ ಪೂರ್ತಿ ಎಣಿಸಬೇಕು, ವ್ಯತ್ಯಾಸ ಬಂದರೆ ಚೀಟಿಯ ಲೆಕ್ಕವೇ ಅಂತಿಮ ಎಂದು ಬರೆಯಲಿ. ಮಸೂದೆ ತರಬೇಕಾದವರು ಈಗ ಅಧಿಕಾರದಲ್ಲಿರುವ ಮಹಾಯುತಿಯವರು, ಅಂದರೆ ಬಿಜೆಪಿ ಮತ್ತು ಅದರ ಮಿತ್ರಪಕ್ಷಗಳವರು. ಅವರಿಗೆ ಇದರಿಂದ ನಷ್ಟ ಏನೂ ಇಲ್ಲ. ವಿರೋಧ ಪಕ್ಷದವರು ಅದಕ್ಕೆ ಕಾಯದೆ ತಾವೇ ಖಾಸಗಿ ಮಸೂದೆ ಮಂಡಿಸಬಹುದು, ಯಾರು ಪರ ಯಾರು ವಿರೋಧ ಎಂಬುದು ಸದನದ ದಾಖಲೆಯಲ್ಲಿ ಉಳಿಯಲಿ.

ನಮ್ಮ ಕನ್ನಡ ಸಂಘಗಳ ಕಾರ್ಯಕ್ರಮಗಳಿಗೆ ಎಲ್ಲಾ ಪಕ್ಷದ ಶಾಸಕರೂ ಬರುತ್ತಾರೆ, ಶಾಲು ಹೊದಿಸಿಕೊಳ್ಳುತ್ತಾರೆ, ಚುನಾವಣೆ ಹತ್ತಿರ ಬಂದಾಗ ಕನ್ನಡದಲ್ಲೇ ಎರಡು ಮಾತು ಆಡುತ್ತಾರೆ. ಮುಂದಿನ ಸಲ ಬಂದಾಗ ಪದಾಧಿಕಾರಿಗಳು ಈ ಒಂದು ಪ್ರಶ್ನೆಯನ್ನು ವೇದಿಕೆಯಲ್ಲೇ ಕೇಳಲಿ. ನಾನು ನಮ್ಮ ಕ್ಷೇತ್ರದ ಶಾಸಕರಿಗೂ ನಗರಸೇವಕರಿಗೂ ಇದೇ ವಿಷಯವಾಗಿ ಮರಾಠಿಯಲ್ಲಿ ಪತ್ರ ಕಳಿಸುತ್ತಿದ್ದೇನೆ. ಉತ್ತರ ಬಂದರೆ ನಿಮ್ಮ ಪತ್ರಿಕೆಗೂ ತಲುಪಿಸುತ್ತೇನೆ, ದಯವಿಟ್ಟು ಪ್ರಕಟಿಸಿ.

ಇಂತಿ,
ನಿಮ್ಮ ಓದುಗ,
ಗೋರೆಗಾಂವ್ ಪೂರ್ವ, ಮುಂಬಯಿ