ಹೊಸ ತಂತ್ರಾಂಶಗಳ ಬಗ್ಗೆ ಬರೆಯುತ್ತಿರುವ ಸುಹಾಸನಿಗೆ

ಶಿವಮೊಗ್ಗ

ಚಿರಂಜೀವಿ ಸುಹಾಸನಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಹೊಸ ತಂತ್ರಾಂಶ, ಹೊಸ ಜಾಲಸೇವೆಗಳ ಕುರಿತು ಬರೆಯಲು ಪತ್ರಿಕೆಯವರು ನಿನಗೆ ತಿಂಗಳಿಗೊಂದು ಪುಟ ಬಿಟ್ಟುಕೊಟ್ಟಿದ್ದಾರೆಂದು ನಿನ್ನ ಅಮ್ಮ ಹೇಳಿದಳು. ಈವರೆಗೆ ಬಂದ ಲೇಖನಗಳನ್ನೂ ಕಳಿಸಿದಳು. ಓದಿದೆ. ವಾಕ್ಯಗಳು ಚೊಕ್ಕವಾಗಿವೆ, ಕಾಗುಣಿತದ ತಪ್ಪಿಲ್ಲ. ನಮ್ಮ ಮನೆಯ ಹುಡುಗನಿಗೆ ಅಷ್ಟಾದರೂ ಬರಬೇಕು, ಬಿಡು. ಆದರೆ ಪ್ರೂಫ್ ನೋಡಿ ನೋಡಿ ಪಳಗಿದ ಕಣ್ಣು ನನ್ನದು, ಬೇರೆ ಕೆಲವು ಸಂಗತಿಗಳೂ ಕಂಡವು. ಪ್ರತಿ ಲೇಖನದಲ್ಲೂ ಒಂದು ‘ಅದ್ಭುತ’ ಇದೆ, ಒಂದು ‘ಕ್ರಾಂತಿಕಾರಿ’ ಇದೆ. ಪ್ರತಿಯೊಂದನ್ನೂ ಆ ಸೇವೆ ಬಿಡುಗಡೆಯಾದ ವಾರದಲ್ಲೇ ಬರೆದಿದ್ದೀಯ. ಅದರಲ್ಲಿ ನೀನು ಯಾವ ಕೆಲಸವನ್ನು ಮಾಡಿ ಮುಗಿಸಿದೆ ಎಂಬುದು ಮಾತ್ರ ಎಲ್ಲೂ ಇಲ್ಲ. ಹೆಣ್ಣು ನೋಡಲು ಹೋದವರು ಕೇಸರಿಬಾತು ತಿಂದು ಬಂದು ಆ ಮನೆತನದ ಗುಣಗಾನ ಮಾಡಿದ ಹಾಗಾಯಿತು.

ಮುನಿಸಿಕೊಳ್ಳಬೇಡ. ನಿನಗೆ ಹೊಸದರ ಮೇಲೆ ಆಸೆ ಇದೆ, ಅದು ಒಳ್ಳೆಯದೇ. ಒಂದು ಬೇಸರವಾದರೆ ಮರುದಿನ ಇನ್ನೊಂದಕ್ಕೆ ಹಾರುತ್ತೀಯ. ನಿನ್ನ ಮಾತನ್ನು ನಂಬಿ ಹೋದವರು ಹಾಗೆ ಹಾರುವುದಿಲ್ಲ. ನಿನ್ನ ಅಮ್ಮನನ್ನೇ ನೋಡು. ಮಗ ಹೊಗಳಿದ್ದಾನೆಂದು ಸ್ತ್ರೀಶಕ್ತಿ ಸಂಘದ ಉಳಿತಾಯ, ಸಾಲ, ಬಡ್ಡಿ ಎಲ್ಲವನ್ನೂ ಮೊಬೈಲಿನ ಒಂದು ಲೆಕ್ಕದ ಆ್ಯಪ್‌ಗೆ ಏರಿಸಿದ್ದಾಳೆ. ನೀನು ಆ ಆ್ಯಪ್ ತೆಗೆದುಹಾಕಿ ಎಷ್ಟೋ ಕಾಲವಾಗಿರಬೇಕು. ಅವಳು ಇವತ್ತಿಗೂ ಪ್ರತಿ ವಾರ ಅದರಲ್ಲೇ ಅಂಕಿ ತುಂಬುತ್ತಾಳೆ. ಅಚ್ಚಾದ ಅಭಿಪ್ರಾಯಕ್ಕೆ ಈ ಒಂದು ಹೊಣೆ ಇದೆ: ಬರೆದವನು ಎದ್ದು ಹೋದಮೇಲೂ ಓದಿದವರು ಅಲ್ಲೇ ಕುಳಿತಿರುತ್ತಾರೆ.

ಸೇವೆಗಳು ಮುಚ್ಚಿಹೋಗುವುದು ಅಪರೂಪವೇನಲ್ಲ. ಜನ ಮುಗಿಬಿದ್ದು ಸೇರಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ನಿಂತಿತು. ಗೂಗಲ್ ರೀಡರ್ 2013ರಲ್ಲಿ, ಗೂಗಲ್ ಪ್ಲಸ್ 2019ರಲ್ಲಿ. ಇವು ದೂರದ ಉದಾಹರಣೆಗಳು ಎನ್ನುತ್ತೀಯೇನೋ. ಹಾಗಾದರೆ ಟ್ವಿಟರಿನಂತೆ ಚಿಕ್ಕ ಬರಹ ಹಾಕುವ ಜಾಲತಾಣವಾಗಿದ್ದ ‘ಕೂ’ ನೋಡು. ನಮ್ಮ ಬೆಂಗಳೂರಿನಲ್ಲಿ 2020ರಲ್ಲಿ ಹುಟ್ಟಿದ್ದು, ಮೊದಲು ಕನ್ನಡದಲ್ಲೇ ಶುರುವಾದದ್ದು. ಅದೇ ವರ್ಷ ಕೇಂದ್ರ ಸರ್ಕಾರದ ಆತ್ಮನಿರ್ಭರ ಆ್ಯಪ್ ಸ್ಪರ್ಧೆಯಲ್ಲಿ ಬಹುಮಾನವನ್ನೂ ಪಡೆಯಿತು. ಮಂತ್ರಿಗಳು ಬಂದರು, ಸಿನಿಮಾದವರು ಬಂದರು, ಪತ್ರಿಕೆಗಳು ಪುಟಗಟ್ಟಲೆ ಬರೆದವು. 2024ರ ಜುಲೈನಲ್ಲಿ ಸ್ಥಾಪಕರೇ ನಿಲ್ಲಿಸುತ್ತಿದ್ದೇವೆ ಎಂದರು. ಅವರು ಮೋಸ ಮಾಡಿದರು ಎಂದು ನಾನು ಹೇಳುತ್ತಿಲ್ಲ. ಬೇರೆ ಕಂಪನಿಗಳೊಡನೆ ಮಾತುಕತೆ ನಡೆಸಿದರು, ಕುದುರಲಿಲ್ಲ, ಹಣವೂ ಒದಗಲಿಲ್ಲ. ವ್ಯಾಪಾರದಲ್ಲಿ ಇದೆಲ್ಲ ಇದ್ದದ್ದೇ. ಆದರೆ ಅಂದು ಹೊಗಳಿ ಬರೆದವರಲ್ಲಿ ‘ಇಲ್ಲಿ ಬರೆದದ್ದನ್ನು ಮುಂದೆ ಹೊರಗೆ ತೆಗೆದುಕೊಳ್ಳುವುದು ಹೇಗೆ’ ಎಂದು ಕೇಳಿದ ಒಬ್ಬರನ್ನೂ ನಾನು ಓದಿಲ್ಲ.

ನೀನು ಮೊದಲು ಕೇಳಬೇಕಾದ ಪ್ರಶ್ನೆ ಅದೇ. ನನಗೆ ಇದು ಯಾಕೆ ಇಷ್ಟು ಮುಖ್ಯ ಎಂದು ಹೇಳುತ್ತೇನೆ.

ನಮ್ಮ ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ, ಕರಪತ್ರ, ಸ್ಮರಣ ಸಂಚಿಕೆ ಎಲ್ಲ ಪುಟ ಜೋಡಿಸುವ ತಂತ್ರಾಂಶವಾದ ಪೇಜ್‌ಮೇಕರಿನಲ್ಲೇ ಆಗುತ್ತಿದ್ದವು. ಅದರ ಕೊನೆಯ ಆವೃತ್ತಿಯಾದ ಏಳನೆಯದು ಬಂದದ್ದು 2001ರಲ್ಲಿ. ಅಷ್ಟು ಹೊತ್ತಿಗೆ, ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಜಾಗತಿಕ ವ್ಯವಸ್ಥೆಯಾದ ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿ ಹತ್ತು ವರ್ಷವಾಗಿತ್ತು. ಆದರೂ ಪೇಜ್‌ಮೇಕರಿಗೆ ಕೊನೆಯವರೆಗೂ ಯೂನಿಕೋಡ್ ಗೊತ್ತಾಗಲಿಲ್ಲ. ಹಾಗಾಗಿ ನಾವೆಲ್ಲ ಕನ್ನಡ ಬೆರಳಚ್ಚಿನ ತಂತ್ರಾಂಶಗಳಾದ ನುಡಿ, ಬರಹ, ಶ್ರೀಲಿಪಿಯ ಹಳೆಯ ಫಾಂಟುಗಳಲ್ಲೇ ಬೆರಳಚ್ಚು ಮಾಡಿದೆವು. ಆ ಫಾಂಟುಗಳ ಗುಟ್ಟು ನಿನಗೆ ಗೊತ್ತಿರಲಿ. ಪರದೆಯ ಮೇಲೆ ‘ಕನ್ನಡ’ ಎಂದು ಕಾಣುತ್ತದೆ, ಆದರೆ ಕಡತದ ಒಳಗೆ ಕನ್ನಡವೇ ಇರುವುದಿಲ್ಲ. ನುಡಿಯಲ್ಲಿ ಬರೆದ ‘ಕನ್ನಡ’ವನ್ನು ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷಿನ ‘ಪಿ’, ನೆತ್ತಿಯ ಮೇಲೆ ಓರೆಗೆರೆ ಹೊತ್ತ ‘ಎ’, ಅದರ ಪಕ್ಕ ಬ್ರಿಟಿಷರ ಪೌಂಡಿನ ಚಿಹ್ನೆ, ಹೀಗೆ ಸಾಲಾಗಿ ನಿಲ್ಲುತ್ತವೆ. ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ ಹಾಕಿದ್ದು, ಅಷ್ಟೇ.

ಒಂದು ಶಾಲೆಯವರು ತಮ್ಮ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಯ ಸಿ.ಡಿ. ಹಿಡಿದು ಬಂದರು. ಸುವರ್ಣ ಮಹೋತ್ಸವದ ಸಂಚಿಕೆಗೆ ಹಳೆಯ ಲೇಖನಗಳನ್ನೂ ಸೇರಿಸಬೇಕಿತ್ತು. ಸಿ.ಡಿ. ಓದಿಕೊಂಡಿತು, ಕಡತಗಳೆಲ್ಲ ಇದ್ದವು. ಆದರೆ ಪೇಜ್‌ಮೇಕರ್ ಕಡತವನ್ನು ಅದರ ಜಾಗಕ್ಕೆ ಬಂದ ಇನ್‌ಡಿಸೈನ್ ತೆರೆಯುತ್ತಿದ್ದದ್ದು ಸಿಎಸ್6 ಆವೃತ್ತಿಯವರೆಗೆ ಮಾತ್ರ. ಆಮೇಲಿನವು ಅದನ್ನು ಮುಟ್ಟುವುದೇ ಇಲ್ಲ. ಪರಿಚಯದವರೊಬ್ಬರ ಹಳೆಯ ಕಂಪ್ಯೂಟರನ್ನು ಅಟ್ಟದಿಂದ ಇಳಿಸಿ ಪಠ್ಯ ತೆಗೆದದ್ದಾಯಿತು. ಅದನ್ನು ಯೂನಿಕೋಡಿಗೆ ಪರಿವರ್ತಿಸಿದರೆ ಕನ್ನಡ ನೆಟ್ಟಗೆ ಬಂತು, ನಡುವೆ ಇದ್ದ ಇಂಗ್ಲಿಷ್ ಕೆಟ್ಟಿತು. ಬರಿಯ ಪಠ್ಯದಲ್ಲಿ ಯಾವ ಅಕ್ಷರ ನಿಜವಾದ ಇಂಗ್ಲಿಷು, ಯಾವುದು ವೇಷ ಹಾಕಿದ ಕನ್ನಡ ಎಂದು ಪರಿವರ್ತಕಕ್ಕೆ ತಿಳಿಯುವುದಿಲ್ಲವಲ್ಲ. ದಾನಿಗಳ ಹೆಸರಿನ ಮುಂದಿದ್ದ ಪದವಿಗಳೆಲ್ಲ ಅರ್ಥವಿಲ್ಲದ ಒತ್ತಕ್ಷರಗಳ ರಾಶಿಯಾಗಿದ್ದವು. ಸಾಲು ಸಾಲು ಕೂತು ತಿದ್ದಿದೆವು.

ಹಾಗೆಂದು ಆ ತಂತ್ರಾಂಶಗಳನ್ನು ಜರೆಯುತ್ತಿಲ್ಲ. ಶೇಷಾದ್ರಿ ವಾಸು ಅವರು 1998ರಲ್ಲಿ ಬರಹವನ್ನು ಕೊಡದಿದ್ದರೆ, ಕೆ.ಪಿ. ರಾವ್ ಅವರು ಕೀಲಿಮಣೆಯ ವಿನ್ಯಾಸವನ್ನು ಅಷ್ಟು ಸರಳವಾಗಿ ಯೋಚಿಸದಿದ್ದರೆ, ಕನ್ನಡ ಗಣಕ ಪರಿಷತ್ತು ನುಡಿಯನ್ನು ಹಂಚದಿದ್ದರೆ ನನ್ನ ಅಂಗಡಿಯ ಬಾಗಿಲೇ ತೆರೆಯುತ್ತಿರಲಿಲ್ಲ. ಒಳ್ಳೆಯ ತಂತ್ರಾಂಶಕ್ಕೂ ಆಯುಸ್ಸು ಮುಗಿಯುತ್ತದೆ, ಅದರೊಳಗೆ ಇಟ್ಟದ್ದು ಉಳಿಯಬೇಕು. ನನ್ನ ತಕರಾರು ಇಷ್ಟೇ.

ಆದ್ದರಿಂದ ಯಾವುದೇ ಹೊಸ ಸೇವೆಯ ಬಗ್ಗೆ ಬರೆಯುವ ಮುಂಚೆ ಅದಕ್ಕೆ ನಿನ್ನದೇ ಒಂದಿಷ್ಟು ಬರಹ ತುಂಬು, ಆಮೇಲೆ ಅದನ್ನೆಲ್ಲ ಹೊರಗೆ ತೆಗೆದು ನೋಡು. ಸುಮ್ಮನೆ ‘ಎಕ್ಸ್‌ಪೋರ್ಟ್’ ಎಂಬ ಗುಂಡಿ ಇದೆ ಎಂದು ಬರೆದರೆ ಸಾಲದು, ಒತ್ತು. ಬಂದ ಕಡತವನ್ನು ಬೇರೊಂದು ತಂತ್ರಾಂಶದಲ್ಲಿ ತೆರೆ. ಚಿತ್ರಗಳು ಬಂದವೇ, ದಿನಾಂಕಗಳು ಉಳಿದವೇ, ಕನ್ನಡ ಕನ್ನಡವಾಗಿಯೇ ಇದೆಯೇ? ಪಿ.ಡಿ.ಎಫ್. ಮಾತ್ರ ಕೊಡುವ ಸೇವೆಗಳಿವೆ. ಅಂಥ ಪಿ.ಡಿ.ಎಫ್.ನಿಂದ ಒಂದು ಕನ್ನಡ ಪ್ಯಾರಾ ನಕಲು ಮಾಡಿ ಅಂಟಿಸಿ ನೋಡು, ಎಷ್ಟೋ ಸಲ ಒತ್ತುಗಳು ಒಂದು ಕಡೆ, ಗುಣಿತಗಳು ಇನ್ನೊಂದು ಕಡೆ ಚೆಲ್ಲಾಪಿಲ್ಲಿಯಾಗಿರುತ್ತವೆ. ಅದು ಹೊರದಾರಿ ಎನ್ನಿಸಿಕೊಳ್ಳುವುದಿಲ್ಲ. ಸಾದಾ ಪಠ್ಯ, ಕೋಷ್ಟಕವನ್ನು ಅಲ್ಪವಿರಾಮ ಹಾಕಿ ಸಾದಾ ಪಠ್ಯವಾಗಿ ಇಡುವ ಸಿಎಸ್‌ವಿ, 2006ರಲ್ಲೇ ಐಎಸ್‌ಒದ ಅಂತರರಾಷ್ಟ್ರೀಯ ಮಾನಕವಾದ ಮುಕ್ತ ಕಡತ ಮಾದರಿ ಓಪನ್‌ಡಾಕ್ಯುಮೆಂಟ್, ಇವುಗಳಲ್ಲಿ ಒಂದಾದರೂ ಸಿಕ್ಕಿದರೆ ಧೈರ್ಯವಾಗಿ ಬರೆ.

ಇನ್ನು ಕನ್ನಡದ ವಿಷಯ. ‘ಕನ್ನಡದಲ್ಲೂ ಲಭ್ಯ’ ಎಂದು ನೀನು ಎರಡು ಪದದಲ್ಲಿ ಮುಗಿಸುತ್ತೀಯ. ಆ ಸಾಲು ಕಂಪನಿಯ ಜಾಹೀರಾತಿನಲ್ಲೇ ಇರುತ್ತದೆ, ಅದಕ್ಕೆ ನೀನು ಬೇಕಾಗಿಲ್ಲ. ನಾನು ಯಾವುದನ್ನೇ ತೆರೆದರೂ ಮೊದಲು ‘ರ‍್ಯಾಂಕ್’ ಎಂದು ಬರೆಯುತ್ತೇನೆ. ಉಳಿಸಿ ಮತ್ತೆ ತೆರೆದಾಗ ಅದು ‘ರ್ಯಾಂಕ್’ ಆಗಿದ್ದರೆ, ನಮ್ಮ ಅರ್ಕಾವತ್ತಿಗೂ ರಕಾರಕ್ಕೂ ವ್ಯತ್ಯಾಸ ತಿಳಿಯದ ಸೇವೆ ಅದು. ಆಮೇಲೆ ‘ಮೊಬೈಲ್‌ನಲ್ಲಿ’ ಎಂದು ಬರೆಯುತ್ತೇನೆ. ಲಕಾರವನ್ನೂ ನಕಾರವನ್ನೂ ಬಿಡಿಸಿ ಇಡಲು ಅಲ್ಲಿ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ. ಅದನ್ನು ಕಸವೆಂದು ಗುಡಿಸಿ ಹಾಕುವ ತಂತ್ರಾಂಶಗಳಿವೆ. ಆಗ ‘ಮೊಬೈಲ್ನಲ್ಲಿ’ ಎಂಬ ವಿಕಾರ ಉಳಿಯುತ್ತದೆ. ಆ ಪದವನ್ನು ಹುಡುಕಿ ನೋಡು, ಸಿಗುತ್ತದೆಯೇ? ಉದ್ದ ಶೀರ್ಷಿಕೆ ಕೊಟ್ಟು ನೋಡು. ಜಾಗ ಸಾಲದಾಗ ಕೆಲವು ಸೇವೆಗಳು ಅಕ್ಷರದ ನಡುವೆಯೇ ಕತ್ತರಿ ಹಾಕುತ್ತವೆ, ‘ಸ್ವಾತಂತ್ರ್ಯ’ ಹೋಗಿ ‘ಸ್ವಾತಂತ್’ ಎಂದು ನಿಲ್ಲುತ್ತದೆ. ನಮಗೆ ‘ಶ್ರೀ’ ಒಂದು ಅಕ್ಷರ, ಯೂನಿಕೋಡಿನ ಲೆಕ್ಕದಲ್ಲಿ ನಾಲ್ಕು. ಅಕ್ಷರಗಳಿಗೆ ಮಿತಿ ಹಾಕುವ ಕಡೆಯೆಲ್ಲ ಕನ್ನಡಿಗನಿಗೆ ಸಿಗುವ ಜಾಗ ಕಡಿಮೆ. ಮೊಬೈಲಿನ ಎಸ್ಸೆಮ್ಮೆಸ್ ಇಂಗ್ಲಿಷಿಗೆ 160 ಅಕ್ಷರ ಕೊಡುತ್ತದೆ, ಕನ್ನಡಕ್ಕೆ 70. ಇಂಥದ್ದನ್ನು ಇಂಗ್ಲಿಷಿನಲ್ಲಿ ವಿಮರ್ಶೆ ಬರೆಯುವವರು ಎಂದೂ ಬರೆಯುವುದಿಲ್ಲ, ಅವರಿಗೆ ಅದರ ಅಗತ್ಯವೂ ಇಲ್ಲ. ನೀನು ಬರೆಯಬೇಕು. ಅವರದನ್ನೇ ಓದಿ ಕನ್ನಡಕ್ಕೆ ಇಳಿಸುವುದಾದರೆ ನಿನ್ನ ಪುಟ ಏತಕ್ಕೆ?

ಹಣದ ಮಾತು ಬೇಗ ಮುಗಿಸುತ್ತೇನೆ. ‘ಉಚಿತ’ ಎಂದು ಬರೆದಾಗ ಪಕ್ಕದಲ್ಲೇ ‘ಸದ್ಯಕ್ಕೆ’ ಎಂದು ಸೇರಿಸು. ಗೂಗಲ್ ಫೋಟೋಸ್ ಮಿತಿಯಿಲ್ಲದ ಉಚಿತ ಜಾಗವನ್ನು 2021ರ ಜೂನ್ 1ಕ್ಕೆ ನಿಲ್ಲಿಸಿ ಹೊಸ ಚಿತ್ರಗಳನ್ನೆಲ್ಲ 15 ಜಿ.ಬಿ.ಯ ಲೆಕ್ಕಕ್ಕೆ ತಂದಿತು. ಟಿಪ್ಪಣಿ ಬರೆದಿಡುವ ಎವರ್‌ನೋಟ್ 2023ರ ಡಿಸೆಂಬರಿನಲ್ಲಿ ಉಚಿತ ಖಾತೆಯವರಿಗೆ 50 ಟಿಪ್ಪಣಿ ಸಾಕು ಎಂದಿತು. ಮೊದಲ ತಿಂಗಳು ಒಂದು ರೂಪಾಯಿ ಎಂದು, ಪ್ರತಿ ತಿಂಗಳು ತಾನಾಗಿಯೇ ಹಣ ಕತ್ತರಿಸುವ ಯುಪಿಐ ಆಟೋಪೇ ಮಾಡಿಸಿಕೊಳ್ಳುವ ಸೇವೆಗಳ ಬಗ್ಗೆ ಬರೆದರೆ, ಎರಡನೆಯ ತಿಂಗಳು ಎಷ್ಟು ಕತ್ತರಿಸುತ್ತಾರೆ, ಆ ಒಪ್ಪಿಗೆಯನ್ನು ಯುಪಿಐ ಆ್ಯಪ್‌ನಲ್ಲಿ ಎಲ್ಲಿ ಹೋಗಿ ರದ್ದು ಮಾಡಬೇಕು ಎಂಬುದನ್ನೂ ಬರೆ. ಹಣ ಕಡಿತಕ್ಕೆ 24 ಗಂಟೆ ಮುಂಚೆ ತಿಳಿಸಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಆ ಸಂದೇಶವನ್ನು ಓದದೆ ಅಳಿಸುವವರೇ ನಿನ್ನ ಓದುಗರಲ್ಲಿ ಹೆಚ್ಚು.

ಕೃತಕ ಬುದ್ಧಿಮತ್ತೆಯ ಬಗ್ಗೆ ಮುಂದಿನ ತಿಂಗಳು ಬರೆಯುತ್ತೀಯಂತೆ. ಅದರ ಬಳಿ ನಿನಗೆ ಗೊತ್ತಿಲ್ಲದ್ದನ್ನು ಕೇಳಿ ಬೆರಗಾಗಬೇಡ, ನಿನಗೆ ಚೆನ್ನಾಗಿ ಗೊತ್ತಿರುವುದನ್ನು ಕೇಳು. ನಾನು ಅಂಥ ಒಂದು ಸೇವೆಗೆ ಅಕ್ಕಮಹಾದೇವಿಯ ವಚನವೊಂದನ್ನು ಕೊಡು ಎಂದೆ. ಕ್ಷಣದಲ್ಲಿ ಕೊಟ್ಟಿತು, ಭಾಷೆಯೂ ಹಳೆಯ ಧಾಟಿಯಲ್ಲೇ ಇತ್ತು, ಕೊನೆಯಲ್ಲಿ ‘ಕೂಡಲಸಂಗಮದೇವಾ’ ಎಂಬ ಅಂಕಿತ! ಅಕ್ಕನ ಅಂಕಿತ ಚೆನ್ನಮಲ್ಲಿಕಾರ್ಜುನ ಎಂದು ನಮ್ಮ ಕಡೆ ಏಳನೆಯ ತರಗತಿಯ ಮಗುವಿಗೂ ಗೊತ್ತು. ಅಂಕಿತ ತಪ್ಪಾದದ್ದರಿಂದ ಸಿಕ್ಕಿಬಿತ್ತು. ಅಂಕಿತ ಸರಿಯಾಗಿದ್ದು ವಚನವೇ ಹೊಸದಾಗಿ ಕಟ್ಟಿದ್ದಾಗಿದ್ದರೆ ಎಷ್ಟು ಜನ ಹಿಡಿಯುತ್ತಿದ್ದರು? ತಪ್ಪನ್ನು ತೋರಿಸಿದಾಗ ವಿನಯದಿಂದ ಕ್ಷಮೆ ಕೇಳಿ ಇನ್ನೊಂದು ತಪ್ಪು ಕೊಟ್ಟಿತು. ಇನ್ನೊಂದು ಸಂಗತಿ: ಇವು ಪಠ್ಯವನ್ನು ತುಣುಕು ಮಾಡಿಕೊಂಡು ಓದುತ್ತವೆ. ಅದೇ ಮಾತು ಇಂಗ್ಲಿಷಿಗಿಂತ ಕನ್ನಡದಲ್ಲಿ ಹೆಚ್ಚು ತುಣುಕುಗಳಾಗುತ್ತದೆ. ಬಳಕೆಯ ಮಿತಿ ತುಣುಕಿನ ಲೆಕ್ಕದಲ್ಲಿರುವ ಕಡೆ ಕನ್ನಡದವನ ಪಾಲು ಬೇಗ ಖರ್ಚಾಗುತ್ತದೆ. ಅದನ್ನೂ ಪರೀಕ್ಷಿಸಿ ಬರೆ.

ಇಷ್ಟು ಓದಿ ‘ದೊಡ್ಡಮ್ಮನಿಗೆ ಹೊಸದೇನೂ ಹಿಡಿಸುವುದಿಲ್ಲ’ ಎಂದುಕೊಂಡೀಯ. ಹಾಗಲ್ಲ. 2017ರಲ್ಲಿ ಗೂಗಲ್‌ನ ಕೀಲಿಮಣೆಗೆ ಕನ್ನಡದ ಧ್ವನಿ ಟೈಪಿಂಗ್ ಬಂದಾಗ ಕುಣಿದವಳು ನಾನು. ಬೆರಳಿನ ಗಂಟುನೋವು ಹೆಚ್ಚಿದ ದಿನ ಈಗಲೂ ಅದೇ ಗತಿ. ಎದುರು ಮನೆಯ ಅಜ್ಜಿ ದುಬೈನಲ್ಲಿರುವ ಮೊಮ್ಮಗಳಿಗೆ ತಾನೇ ಮಾತಾಡಿ ಕನ್ನಡದಲ್ಲಿ ಸಂದೇಶ ಕಳಿಸುತ್ತಾರೆ, ಓದು ಬರಹಕ್ಕೆ ಇನ್ನೊಬ್ಬರ ಮುಖ ನೋಡುವುದು ತಪ್ಪಿತು. ಅಚ್ಚಾದ ಹಳೆಯ ಪುಟದ ಚಿತ್ರದಿಂದ ಕನ್ನಡ ಅಕ್ಷರ ಎತ್ತಿಕೊಡುವ ತಂತ್ರಾಂಶಗಳೂ ಹಾಗೆಯೇ. ‘ಟೆಸರಾಕ್ಟ್’ ಉಚಿತವಾಗಿಯೇ ಆ ಕೆಲಸ ಮಾಡುತ್ತದೆ. ಇವನ್ನು ಎಷ್ಟು ಬೇಕಾದರೂ ಹೊಗಳು. ಆದರೆ ‘ಅದ್ಭುತ’ ಎನ್ನುವ ಬದಲು ಯಾವ ಕೆಲಸ ಎಷ್ಟು ಹಗುರವಾಯಿತು ಎಂದು ಬರೆ. ಅಜ್ಜಿಯ ವಿಷಯವನ್ನು ಬೇಕಾದರೆ ಬಳಸಿಕೋ, ಹೆಸರು ಹಾಕಬೇಡ.

ಹಾಗೆಯೇ, ಸಂಪರ್ಕ ಪಟ್ಟಿ ಕೇಳುವ ಟಾರ್ಚ್ ಆ್ಯಪ್‌ನಂಥವು ಸಿಕ್ಕರೆ ಮುಲಾಜಿಲ್ಲದೆ ಬರೆ. ಅದರ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ, ನಿನಗೆ ನನಗಿಂತ ಚೆನ್ನಾಗಿ ಗೊತ್ತು.

ಬಿಡುಗಡೆಯ ವಾರದಲ್ಲೇ ಬರೆಯದಿದ್ದರೆ ಸಂಪಾದಕರು ಒಪ್ಪುವುದಿಲ್ಲ ಎನ್ನಬಹುದು. ಅವರಿಗೆ ಸುದ್ದಿ ಬೇಕಿದ್ದರೆ ನಾಲ್ಕು ಸಾಲಿನ ಸುದ್ದಿಯಾಗಿ ಕೊಡು: ಇಂಥದ್ದು ಬಂದಿದೆ, ಬೆಲೆ ಇಷ್ಟು. ಅಭಿಪ್ರಾಯವನ್ನು ಮುಂದಿನ ಸಂಚಿಕೆಗೆ ಇಟ್ಟುಕೋ. ಬರೆದು ಆರು ತಿಂಗಳಾದ ಮೇಲೆ ಅದೇ ಸೇವೆಗೆ ಮತ್ತೆ ಹೋಗಿ, ಆಗ ಹೇಳಿದ್ದರಲ್ಲಿ ಯಾವುದು ನಿಂತಿದೆ, ಯಾವುದು ಬಿದ್ದಿದೆ ಎಂದು ಒಂದು ಪ್ಯಾರಾ ಬರೆ. ಓದುಗರು ನಿನ್ನ ಪುಟವನ್ನು ಕತ್ತರಿಸಿ ಇಟ್ಟುಕೊಳ್ಳುವುದು ಅಂಥ ಪ್ಯಾರಾಕ್ಕಾಗಿ.

ಕೊನೆಗೊಂದು ಕಟು ಮಾತು. ಎರಡನೆಯ ಲೇಖನದ ಅಡಿಯಲ್ಲಿ ಒಂದು ಕೊಂಡಿ ಇದೆ. ಅದರ ಬಾಲದಲ್ಲಿ ನಿನ್ನ ಹೆಸರಿನ ಸಂಕೇತವಿದೆ, ನಾನು ನೋಡಿದೆ. ಅದನ್ನು ಒತ್ತಿ ಯಾರಾದರೂ ಚಂದಾ ಕಟ್ಟಿದರೆ ನಿನಗೆ ಒಂದಿಷ್ಟು ಬರುತ್ತದೆ. ಬರಲಿ, ತಪ್ಪಲ್ಲ; ನಮ್ಮಲ್ಲೂ ಲಗ್ನಪತ್ರಿಕೆಯ ಕಾರ್ಡು ಮಾರುವವರಿಂದ ಕಮಿಷನ್ ಬರುತ್ತಿತ್ತು. ಆದರೆ ಗಿರಾಕಿಗೆ ಕಾರ್ಡು ತೋರಿಸುವಾಗ ‘ಇದರಲ್ಲಿ ನಮಗೆ ಇಷ್ಟು ಉಳಿಯುತ್ತದೆ’ ಎಂದು ನಾನು ಹೇಳಿಯೇ ತೋರಿಸುತ್ತಿದ್ದೆ. ಮುಂದಿನ ಸಂಚಿಕೆಯಿಂದ ಆ ಸಂಗತಿ ಲೇಖನದ ಮೊದಲ ಸಾಲಿನಲ್ಲಿ ಇರಲಿ, ಅಡಿಟಿಪ್ಪಣಿಯಲ್ಲಿ ಅಲ್ಲ. ಕರಡನ್ನು ನನಗೆ ಕಳಿಸು, ಪ್ರೂಫ್ ನೋಡಿ ಎರಡು ದಿನದಲ್ಲಿ ವಾಪಸು ಕೊಡುತ್ತೇನೆ. ಅಮ್ಮನ ಸಂಘದ ಲೆಕ್ಕವನ್ನು ಈ ಭಾನುವಾರ ಫೋನ್ ಮಾಡಿ, ಜೊತೆಗೆ ಕೂತಂತೆ ಹೇಳಿಕೊಟ್ಟು ಸಿಎಸ್‌ವಿಯಾಗಿ ಹೊರಗೆ ತೆಗೆಸು. ಅವಳಾಗಿ ಕೇಳುವುದಿಲ್ಲ.

ಇಂತಿ ನಿನ್ನ
ದೊಡ್ಡಮ್ಮ