ಹಳದಿ ಚೀಲಕ್ಕೆ ಹಾಕುವ ಮುನ್ನ ಒಮ್ಮೆ ಪರೀಕ್ಷಿಸಿ

ಮಾನ್ಯ ಸಂಪಾದಕರೇ,

ಗರ್ಭ ನಿಲ್ಲದೆ ಹೋದಾಗ ‘ಕ್ಲೀನ್’ ಮಾಡಿ ತೆಗೆದ ಅಂಗಾಂಶವನ್ನು ಯಾರೂ ಪರೀಕ್ಷಿಸದೆ ನೇರವಾಗಿ ಆಸ್ಪತ್ರೆ ತ್ಯಾಜ್ಯದ ಹಳದಿ ಚೀಲಕ್ಕೆ ಹಾಕಿಬಿಡುವ ರೂಢಿ ನಮ್ಮ ಭಾಗದ ಸಣ್ಣ ಆಸ್ಪತ್ರೆಗಳಲ್ಲಿ ಇನ್ನೂ ಉಳಿದಿದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಅದು ಕೊನೆಗೆ ಸೇರಬೇಕಾದದ್ದು ಆ ಚೀಲವನ್ನೇ ನಿಜ. ಆದರೆ ಅದಕ್ಕೂ ಮೊದಲು ಅದರಲ್ಲೊಂದಿಷ್ಟು ರೋಗಶಾಸ್ತ್ರ ವಿಭಾಗದ ಸೂಕ್ಷ್ಮದರ್ಶಕದ ಕೆಳಗೆ ಬರಬೇಕು ಎಂದು, ಆ ವಿಷಯವನ್ನು ಕಲಿಸಿದವಳಾಗಿ, ನಾನು ಒತ್ತಾಯಿಸುತ್ತೇನೆ. ಕಾರಣ, ಸಾಮಾನ್ಯ ಗರ್ಭಪಾತದಂತೆಯೇ ಕಾಣುವ ಕೆಲವು ಪ್ರಕರಣಗಳು ವಾಸ್ತವದಲ್ಲಿ ಮಾಸು ಅಸಹಜವಾಗಿ ಬೆಳೆಯುವ ಮೋಲಾರ್ ಗರ್ಭಗಳಾಗಿರುತ್ತವೆ. ಸಾವಿರ ಗರ್ಭಗಳಲ್ಲಿ ಒಂದೋ ಎರಡೋ ಇಂಥವು ಎಂಬುದು ಸ್ಥೂಲ ಅಂದಾಜು. ಹೆರಿಗೆಗಳ ಒಟ್ಟು ಸಂಖ್ಯೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಅಷ್ಟೇನೂ ಅಪರೂಪವಲ್ಲ.

ಸಂಪೂರ್ಣ ಮೋಲಾರ್ ಗರ್ಭದಲ್ಲಿ ಅಂಡಾಣುವಿನೊಳಗೆ ತಾಯಿಯ ವರ್ಣತಂತುಗಳು ಉಳಿದಿರುವುದಿಲ್ಲ. ಒಳಬಂದ ವೀರ್ಯಾಣುವಿನ ವರ್ಣತಂತುಗಳೇ ಇಮ್ಮಡಿಗೊಂಡು, ಅಥವಾ ಎರಡು ವೀರ್ಯಾಣುಗಳು ಒಟ್ಟಿಗೆ ಸೇರಿ, 46ರ ಲೆಕ್ಕ ತುಂಬುತ್ತದೆ. ಶಿಶು ಬೆಳೆಯುವುದಿಲ್ಲ, ಜರಾಯುವಿನ, ಅಂದರೆ ನಾವು ಮಾಸು ಎನ್ನುವ ಅಂಗದ, ಸಣ್ಣ ಕವಲುಗಳು ಮಾತ್ರ ನೀರು ತುಂಬಿಕೊಂಡು ದ್ರಾಕ್ಷಿಗೊಂಚಲಿನಂತೆ ಊದಿಕೊಳ್ಳುತ್ತವೆ. ಅಪೂರ್ಣ ಮೋಲಾರ್ ಗರ್ಭದಲ್ಲಿ ತಾಯಿಯ ಪಾಲು ಇದ್ದೇ ಇರುತ್ತದೆ, ತಂದೆಯ ಪಾಲು ಎರಡರಷ್ಟಾಗಿ ವರ್ಣತಂತುಗಳು 69ಕ್ಕೆ ಏರುತ್ತವೆ. ಗರ್ಭ ನಿಲ್ಲಲಿಲ್ಲವೆಂದು ಸೊಸೆಯನ್ನೇ ದೂರುವ ಮನೆಗಳವರು ಈ ಲೆಕ್ಕವನ್ನು ತಿಳಿದಿರುವುದು ಒಳ್ಳೆಯದು. ಹಾಗೆಂದು ಗಂಡನನ್ನು ದೂರಬೇಕಾದ್ದೂ ಇಲ್ಲ, ಇದು ಗರ್ಭಧಾರಣೆಯ ಗಳಿಗೆಯಲ್ಲಿ ನಡೆದುಹೋಗುವ ಆಕಸ್ಮಿಕ.

ಹಿಂದೆ ಇಂಥ ಗರ್ಭ ನಾಲ್ಕೈದು ತಿಂಗಳವರೆಗೂ ಬೆಳೆಯುತ್ತಿತ್ತು. ವಿಪರೀತ ವಾಂತಿ, ತಿಂಗಳಿಗೆ ಮೀರಿ ದೊಡ್ಡದಾದ ಹೊಟ್ಟೆ, ರಕ್ತಸ್ರಾವ, ಕೊನೆಗೆ ನೀರ್ಗುಳ್ಳೆಗಳೇ ಹೊರಬೀಳುವುದು, ಇವೆಲ್ಲ ಅನುಭವಿ ಸೂಲಗಿತ್ತಿಗೂ ಗೊತ್ತಾಗುವಂಥ ಲಕ್ಷಣಗಳಾಗಿದ್ದವು. ಈಗ ಎಂಟು ಹತ್ತು ವಾರಕ್ಕೇ ಸ್ಕ್ಯಾನ್ ಆಗುತ್ತದೆ, ಮಗುವಿನ ಎದೆಬಡಿತ ಇಲ್ಲವೆಂದು ತಿಳಿಯುತ್ತದೆ, ಮರುದಿನವೇ ಕ್ಲೀನ್ ಮಾಡಲಾಗುತ್ತದೆ. ಅಷ್ಟು ಬೇಗ ತೆಗೆದಾಗ ಕವಲುಗಳು ಇನ್ನೂ ಹೆಚ್ಚು ಊದಿರುವುದಿಲ್ಲವಾದ್ದರಿಂದ ಸ್ಕ್ಯಾನ್‌ನಲ್ಲಾಗಲಿ ಬರಿಗಣ್ಣಿಗಾಗಲಿ ವ್ಯತ್ಯಾಸ ಸಿಗದೇ ಹೋಗಬಹುದು. ಚಿಕಿತ್ಸೆ ಮುಂಚಿತವಾಗಿ ಸಿಗುತ್ತಿರುವುದು ಒಳ್ಳೆಯದೇ, ಆದರೆ ರೋಗದ ಗುರುತು ಹಿಡಿಯುವ ಹೊಣೆ ಅದರಿಂದಾಗಿ ಬರಿಗಣ್ಣಿನಿಂದ ಸೂಕ್ಷ್ಮದರ್ಶಕಕ್ಕೆ ವರ್ಗವಾಗಿದೆ ಎಂಬುದನ್ನು ನಮ್ಮ ವ್ಯವಸ್ಥೆ ಇನ್ನೂ ಗಮನಕ್ಕೆ ತೆಗೆದುಕೊಂಡಂತಿಲ್ಲ. ಸೂಕ್ಷ್ಮದರ್ಶಕದಲ್ಲೂ ಸಂಶಯ ಉಳಿದರೆ ಪಿ57 ಎಂಬ ಪ್ರೋಟೀನಿಗೆ ಬಣ್ಣಗಟ್ಟಿ ನೋಡುವ ಪರೀಕ್ಷೆ ಇದೆ. ಆ ಪ್ರೋಟೀನನ್ನು ತಯಾರಿಸುವುದು ತಾಯಿಯಿಂದ ಬಂದ ವಂಶವಾಹಿ ಮಾತ್ರ. ಆದ್ದರಿಂದ ತಾಯಿಯ ಪಾಲೇ ಇಲ್ಲದ ಸಂಪೂರ್ಣ ಮೋಲಾರ್‌ನ ಕವಲುಗಳಲ್ಲಿ ಬಣ್ಣ ಹಿಡಿಯುವುದಿಲ್ಲ, ಅಪೂರ್ಣ ಮೋಲಾರ್‌ನಲ್ಲೂ ಬರಿಯ ಗರ್ಭಪಾತದಲ್ಲೂ ಹಿಡಿಯುತ್ತದೆ. ಇಷ್ಟು ಅಂದವಾದ ತರ್ಕದ ಪರೀಕ್ಷೆ ನಮ್ಮ ವಿಷಯದಲ್ಲಿ ಇನ್ನೊಂದಿಲ್ಲ ಎಂದೇ ನನಗನಿಸುತ್ತದೆ.

ರೋಗದ ಹೆಸರು ತಿಳಿದು ಆಗಬೇಕಾದದ್ದೇನು ಎಂದು ಯಾರಾದರೂ ಕೇಳಬಹುದು. ಸಂಪೂರ್ಣ ಮೋಲಾರ್ ಗರ್ಭ ತೆಗೆಸಿಕೊಂಡವರಲ್ಲಿ ನೂರಕ್ಕೆ ಸುಮಾರು 15ರಿಂದ 20 ಮಂದಿಗೆ ಗರ್ಭಕೋಶದೊಳಗೆ ರೋಗ ಮತ್ತೆ ಚಿಗುರುತ್ತದೆ. ಅಪೂರ್ಣ ಮೋಲಾರ್‌ನಲ್ಲಿ ಈ ಪ್ರಮಾಣ ತೀರ ಕಡಿಮೆ. ಗರ್ಭ ನಿಂತಾಗ ಜರಾಯು ಸ್ರವಿಸುವ ಎಚ್‌ಸಿಜಿ ಎಂಬ ಹಾರ್ಮೋನಿನ ಮಟ್ಟವನ್ನು ರಕ್ತದಲ್ಲಿ ಅದು ಸಹಜಕ್ಕೆ ಇಳಿಯುವವರೆಗೆ ವಾರಕ್ಕೊಮ್ಮೆ, ಆಮೇಲೆ ಕೆಲವು ತಿಂಗಳು ತಿಂಗಳಿಗೊಮ್ಮೆ ನೋಡುತ್ತ ಹೋದರೆ ಈ ಚಿಗುರುವಿಕೆ ಆರಂಭದಲ್ಲೇ ಸಿಕ್ಕಿಬೀಳುತ್ತದೆ. ಆ ಅವಧಿಯಲ್ಲಿ ಮತ್ತೆ ಗರ್ಭಿಣಿಯಾದರೆ ಎಚ್‌ಸಿಜಿ ಹೇಗೂ ಏರುವುದರಿಂದ ಲೆಕ್ಕವೆಲ್ಲ ಕಲಸಿಹೋಗುತ್ತದೆ, ಹಾಗಾಗಿ ಗರ್ಭನಿರೋಧಕ ಬಳಸುವುದು ಅಗತ್ಯ. ತನ್ನ ರೋಗದ ಹೆಸರೇ ತಿಳಿಯದ ಹೆಣ್ಣುಮಗಳಿಗೆ ಇದ್ಯಾವುದೂ ಇಲ್ಲ. ಅವಳಿಗೆ ಕೋರಿಯೋಕಾರ್ಸಿನೋಮಾ ಎಂಬ ಕ್ಯಾನ್ಸರ್ ಆದರೆ ಅದು ರಕ್ತನಾಳಗಳ ಮೂಲಕ ಬೇಗನೆ ಶ್ವಾಸಕೋಶಕ್ಕೆ, ಕೆಲವೊಮ್ಮೆ ಯಕೃತ್ತಿಗೂ ಮೆದುಳಿಗೂ ಹರಡುತ್ತದೆ. ಕೆಮ್ಮಿನಲ್ಲಿ ರಕ್ತ ಕಂಡರೆ ನಮ್ಮಲ್ಲಿ ಮೊದಲು ನೆನಪಾಗುವುದು ಕ್ಷಯ. ಹೆರಿಗೆಯಾಗಿ ಅಥವಾ ಗರ್ಭಪಾತವಾಗಿ ಹೆಚ್ಚು ಕಾಲವಾಗಿಲ್ಲದ ಹೆಂಗಸಿಗೆ ಕಫ ಪರೀಕ್ಷೆಯ ಜೊತೆಗೇ ಒಂದು ಎಚ್‌ಸಿಜಿ ಪರೀಕ್ಷೆಯನ್ನೂ ಮಾಡಿಸಿದರೆ ಎಷ್ಟೋ ದಿನಗಳು ಉಳಿಯುತ್ತವೆ. ಈ ಕ್ಯಾನ್ಸರಿಗೆ ಮೋಲಾರ್ ಗರ್ಭವೇ ಆಗಿರಬೇಕೆಂದೂ ಇಲ್ಲ, ತುಂಬು ತಿಂಗಳ ಆರೋಗ್ಯವಂತ ಹೆರಿಗೆಯ ನಂತರವೂ ಬರುತ್ತದೆ.

ಇಷ್ಟೊಂದು ಆತುರದಿಂದ ಬರೆಯಲು ಕಾರಣ ರೋಗದ ಭೀಕರತೆಯಲ್ಲ, ಅದು ಗುಣವಾಗುತ್ತದೆ ಎಂಬ ಸಂಗತಿ. 1956ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಮಿನ್ ಚಿಯು ಲಿ ಮತ್ತು ರಾಯ್ ಹರ್ಟ್ಸ್ ಅವರು ಮೆಥೊಟ್ರೆಕ್ಸೇಟ್ ಔಷಧಿಯಿಂದ ಹರಡಿದ ಕೋರಿಯೋಕಾರ್ಸಿನೋಮಾವನ್ನು ವಾಸಿಮಾಡಿ ತೋರಿಸಿದರು. ಗೆಡ್ಡೆಯ ರೂಪದ ಕ್ಯಾನ್ಸರೊಂದು ಔಷಧಿಯೊಂದರಿಂದಲೇ ವಾಸಿಯಾದದ್ದು ಅದೇ ಮೊದಲು. ಬೇಗ ಪತ್ತೆಯಾದ, ಕಡಿಮೆ ಅಪಾಯದ ಗುಂಪಿನ ರೋಗಿಗಳು ಇಂದು ಬಹುತೇಕ ಎಲ್ಲರೂ ಗುಣಮುಖರಾಗುತ್ತಾರೆ, ಗರ್ಭಕೋಶ ಉಳಿದು ಮುಂದೆ ಮಕ್ಕಳನ್ನೂ ಹೆರುತ್ತಾರೆ. ಜರಾಯು ಅಂಟಿದ್ದ ಜಾಗದ ಕೋಶಗಳಿಂದ ಹುಟ್ಟುವ ಬೇರೊಂದು ಗೆಡ್ಡೆ ಇದಕ್ಕೆ ಅಪವಾದ: ಅದರಲ್ಲಿ ಎಚ್‌ಸಿಜಿ ಹೆಚ್ಚು ಏರುವುದಿಲ್ಲ, ಔಷಧಿಗೂ ಅಷ್ಟಾಗಿ ಜಗ್ಗುವುದಿಲ್ಲ, ಗರ್ಭಕೋಶವನ್ನೇ ತೆಗೆಯಬೇಕಾಗುತ್ತದೆ. ಎರಡನ್ನೂ ಬೇರ್ಪಡಿಸಿ ಹೇಳುವುದು ಮತ್ತೆ ಅಂಗಾಂಶದ ಪರೀಕ್ಷೆಯೇ.

ಹೆರಿಗೆಯ ನಂತರದ ಮಾಸಿನ ವಿಷಯದಲ್ಲಿಯೂ ಇದೇ ಉದಾಸೀನ. ಸುಮಾರು ಅರ್ಧ ಕಿಲೊ ತೂಗುವ ಈ ಅಂಗ ಗರ್ಭದಲ್ಲಿ ನಡೆದದ್ದನ್ನು ತನ್ನಲ್ಲಿ ದಾಖಲಿಸಿಕೊಂಡಿರುತ್ತದೆ. ಎಲ್ಲ ಹೆರಿಗೆಗಳ ಮಾಸನ್ನೂ ಕಳಿಸಿ ಎಂದು ನಾನು ಹೇಳುತ್ತಿಲ್ಲ, ಅದನ್ನು ನೋಡುವಷ್ಟು ರೋಗಶಾಸ್ತ್ರಜ್ಞರು ಎಲ್ಲಿಯೂ ಇಲ್ಲ. ಹೊಟ್ಟೆಯಲ್ಲೇ ಮಗು ತೀರಿಕೊಂಡಾಗ, ತೂಕ ತೀರ ಕಡಿಮೆಯಿದ್ದಾಗ, ತಾಯಿಗೆ ರಕ್ತದೊತ್ತಡ ವಿಪರೀತ ಏರಿದ್ದಾಗ, ದಿನ ತುಂಬುವ ಬಹಳ ಮೊದಲೇ ಹೆರಿಗೆಯಾದಾಗ, ಮಾಸಿನ ಮೇಲೆ ಗಂಟು ಕಂಡಾಗ ಕಳಿಸಿದರೆ ಸಾಕು. ಆ ಗಂಟು ರಕ್ತನಾಳಗಳ ನಿರಪಾಯಕಾರಿ ಗೆಡ್ಡೆಯಾದ ಕೋರಾಂಜಿಯೋಮಾ ಇರಬಹುದು, ಅದು ನಾಲ್ಕೈದು ಸೆಂಟಿಮೀಟರ್ ಮೀರಿದ್ದರೆ ಮಗುವಿನ ರಕ್ತಹೀನತೆಗೂ ಹೃದಯದ ಮೇಲಿನ ಭಾರಕ್ಕೂ ಅದೇ ಕಾರಣವಾಗಿರಬಹುದು. ಮಾಸಿನಲ್ಲೇ ಹುಟ್ಟಿದ ಪುಟ್ಟ ಕೋರಿಯೋಕಾರ್ಸಿನೋಮಾ ನೋಡಲು ರಕ್ತ ಹೆಪ್ಪುಗಟ್ಟಿದ ಕಲೆಯಂತೆಯೇ ಇರುತ್ತದೆ. ಮಗುವನ್ನು ಕಳೆದುಕೊಂಡ ತಾಯಿಗೆ ‘ಹಣೆಬರಹ’ ಎಂಬ ಉತ್ತರಕ್ಕಿಂತ ಮೇಲಾದ ಉತ್ತರ ಕೊಡಲು, ಮುಂದಿನ ಬಸಿರಿನಲ್ಲಿ ಯಾವುದನ್ನು ಕಾಯಬೇಕೆಂದು ಹೇಳಲು, ವೈದ್ಯರ ಕೈಯಲ್ಲಿ ಬೇರೆ ಆಧಾರ ಹೆಚ್ಚಿರುವುದಿಲ್ಲ.

ಸಿಸೇರಿಯನ್‌ಗಳು ಹೆಚ್ಚಿದಂತೆ ಮಾಸು ಹಳೆಯ ಹೊಲಿಗೆಯ ಗುರುತಿನೊಳಗೆ ಬೇರೂರುವ ಅಕ್ರೀಟಾ ಎಂಬ ತೊಂದರೆಯೂ ಹೆಚ್ಚುತ್ತದೆ. ಮಾಸು ಗರ್ಭಕೋಶದ ಬಾಯಿಯ ಬಳಿ ಕುಳಿತಿದ್ದು ಹಿಂದೆ ಒಂದು ಸಿಸೇರಿಯನ್ ಆಗಿದ್ದರೆ ಈ ಅಪಾಯ ಶೇ 11ರಷ್ಟು, ಎರಡು ಆಗಿದ್ದರೆ ಶೇ 40ರಷ್ಟು ಎಂದು ಅಮೆರಿಕದ ದೊಡ್ಡ ಅಧ್ಯಯನವೊಂದು 2006ರಲ್ಲಿ ತೋರಿಸಿತು. ಇಂಥವರ ಹೆರಿಗೆ ಸಾಕಷ್ಟು ರಕ್ತದ ದಾಸ್ತಾನು ಇರುವ ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕೆಂಬುದಕ್ಕೆ ಇಷ್ಟು ಸಾಕು.

ವ್ಯವಸ್ಥೆ ಕಟ್ಟಲು ನಮ್ಮಲ್ಲಿ ಸಂಸ್ಥೆಗಳ ಕೊರತೆ ಇಲ್ಲ. ಹುಬ್ಬಳ್ಳಿಯಲ್ಲಿ 1957ರಿಂದ ವೈದ್ಯಕೀಯ ಕಾಲೇಜು ಇದೆ, ಧಾರವಾಡದ ಸತ್ತೂರಿನಲ್ಲಿ ಇನ್ನೊಂದಿದೆ, ಗದಗ ಮತ್ತು ಹಾವೇರಿಗೆ ಸರ್ಕಾರಿ ವೈದ್ಯಕೀಯ ಕಾಲೇಜುಗಳು ಬಂದಿವೆ, ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಚಿಕಿತ್ಸಾ ಸಂಸ್ಥೆ ಇದೆ. ಇಲ್ಲದಿರುವುದು ಕಲಘಟಗಿ, ಮುಂಡರಗಿ, ಹಿರೇಕೆರೂರಿನಂಥ ಊರುಗಳಿಂದ ಆ ಕಾಲೇಜುಗಳಿಗೆ ಅಂಗಾಂಶ ತಲುಪಿಸುವ ಖಾತ್ರಿಯಾದ ದಾರಿ. ಕ್ಷಯದ ಕಫದ ಮಾದರಿ ಸಾಗಿಸುವ ಏರ್ಪಾಡು ಸಾಧ್ಯವಾಗಿರುವಾಗ ಇದು ಅಸಾಧ್ಯವೇನಲ್ಲ. ಬಾಯಿ ಅಗಲವಾದ, ಸೋರದ ಮುಚ್ಚಳದ ಡಬ್ಬಿ, ಅಂಗಾಂಶ ಕೊಳೆಯದಂತೆ ಕಾಯುವ ಶೇ 10ರ ಫಾರ್ಮಲಿನ್ ದ್ರಾವಣ, ಕೊನೆಯ ಮುಟ್ಟಿನ ದಿನಾಂಕವನ್ನೂ ಸ್ಕ್ಯಾನ್ ವರದಿಯನ್ನೂ ಬರೆದ ಚೀಟಿ, ಬೇಕಾದದ್ದು ಇಷ್ಟೇ. ಸಲೈನಿನಲ್ಲಿ ಹಾಕಿ ಕಳಿಸಿದ ಅಂಗಾಂಶ ನಮ್ಮ ಏಪ್ರಿಲ್ ಬಿಸಿಲಿಗೆ ಕೊಳೆತು ಯಾವ ಉತ್ತರವನ್ನೂ ಕೊಡುವುದಿಲ್ಲ. ಸ್ಕ್ಯಾನ್‌ನಲ್ಲಿ ಶಿಶುವಿನ ಅಂಗಗಳು ಮೊದಲೇ ಸ್ಪಷ್ಟವಾಗಿ ಕಂಡಿದ್ದ ಗರ್ಭವನ್ನು ತೆಗೆಸಿದ ಸಂದರ್ಭದಲ್ಲಿ ಪರೀಕ್ಷೆಗೆ ಕಳಿಸುವುದನ್ನು ಬಿಡಬಹುದು. ನಿಂತುಹೋದ ಗರ್ಭವನ್ನು ಮಾತ್ರೆಯಿಂದ ಹೊರಹಾಕಿಸಿಕೊಂಡವರ ಅಂಗಾಂಶ ಮನೆಯಲ್ಲೇ ಹೋಗಿಬಿಡುವುದರಿಂದ, ಅವರಿಗೆ ಮೂರು ವಾರದ ನಂತರ ಆಶಾ ಕಾರ್ಯಕರ್ತೆ ಮೂತ್ರದ ಗರ್ಭಪರೀಕ್ಷೆಯ ಪಟ್ಟಿಯೊಂದನ್ನು ಕೊಟ್ಟು ನೋಡಿದರೆ ಸಾಕು. ಆಗಲೂ ಗೆರೆ ಮೂಡಿದರೆ ದೊಡ್ಡ ಆಸ್ಪತ್ರೆಗೆ ಕಳಿಸಬೇಕು.

ಇನ್ನೊಂದು ಮಾತು, ತವರಿಗೆ ಸಂಬಂಧಿಸಿದ್ದು. ಗಂಡನ ಮನೆ ರಾಣೆಬೆನ್ನೂರಿನಲ್ಲಿ, ಗರ್ಭ ತೆಗೆಸಿದ್ದು ಹುಬ್ಬಳ್ಳಿಯಲ್ಲಿ, ಸುಧಾರಿಸಿಕೊಳ್ಳಲು ಹೋದದ್ದು ರೋಣದ ತವರಿಗೆ ಎಂಬಂತಾದಾಗ ವಾರದ ಎಚ್‌ಸಿಜಿ ಪರೀಕ್ಷೆ ಯಾರ ಕೆಲಸವೂ ಅಲ್ಲದಂತಾಗುತ್ತದೆ. ಹೆರಿಗೆಯೊಂದಿಗೆ ಕೆಲಸ ಮುಗಿಯಿತೆಂದು ಎಲ್ಲರೂ ಭಾವಿಸುವ ‘ತಾಯಿ ಕಾರ್ಡ್’ನಲ್ಲಿಯೇ ಅಂಗಾಂಶದ ವರದಿಗೂ ಎಚ್‌ಸಿಜಿ ಅಂಕಿಗಳಿಗೂ ಒಂದು ಪುಟ ಸೇರಿಸಿದರೆ ಅವಳು ಯಾವ ಊರಿನ ಆಸ್ಪತ್ರೆಗೆ ಹೋದರೂ ಲೆಕ್ಕ ಮುಂದುವರಿಯುತ್ತದೆ. ಈ ಪುಟಕ್ಕಾಗಿ ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆಗಳ ಆರೋಗ್ಯಾಧಿಕಾರಿಗಳು ಇಲಾಖೆಗೆ ಪ್ರಸ್ತಾವ ಕಳಿಸಬೇಕು, ತಾಲ್ಲೂಕು ಆಸ್ಪತ್ರೆಗಳ ಪ್ರಯೋಗಾಲಯಗಳಲ್ಲಿ ಎಚ್‌ಸಿಜಿ ಪರೀಕ್ಷೆಯನ್ನು ಉಚಿತವಾಗಿ ಮಾಡುವ ಏರ್ಪಾಡು ಆಗಬೇಕು ಎಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

– ನಿವೃತ್ತ ರೋಗಶಾಸ್ತ್ರ ಅಧ್ಯಾಪಕಿ, ಧಾರವಾಡ