ರಿಮೋಟ್ ನೀನು ಹಿಡಿ, ಎಸೆಯುವುದು ನಾನು

ಪ್ರೀತಿಯ ಗೆಳೆಯಾ,

ಮೇ ತಿಂಗಳಲ್ಲಿ ನೀನು ಮೈಸೂರಿನಿಂದ ತಂದುಕೊಟ್ಟ ಬಿಡಿಭಾಗಗಳ ಪೆಟ್ಟಿಗೆ ಈಗ ರಿಮೋಟಿನಿಂದ ಹಾರಿಸುವ ಪುಟ್ಟ ವಿಮಾನವಾಗಿದೆ. ತುದಿಯಿಂದ ತುದಿಗೆ ಒಂದೂವರೆ ಮೀಟರ್ ರೆಕ್ಕೆ. ನಡುಮನೆಯ ತೊಲೆಗೆ ಹಗ್ಗ ಕಟ್ಟಿ ತೂಗುಹಾಕಿದ್ದೇನೆ. ನೀನು ಫೋನಿನಲ್ಲಿ ‘ಮುಗಿಯಿತೇ?’ ಎಂದು ಕೇಳಿದಾಗಲೆಲ್ಲ ‘ಆಗುತ್ತಿದೆ’ ಎಂದಷ್ಟೇ ಹೇಳುತ್ತಿದ್ದೆ. ಒಂದು ಇಡೀ ಮಳೆಗಾಲದ ಕೆಲಸವನ್ನು ಫೋನಿನಲ್ಲಿ ಹೇಳಲು ಬರಲಿಲ್ಲ, ಅದಕ್ಕೇ ಈ ಪತ್ರ.

ಪೆಟ್ಟಿಗೆ ತೆರೆದ ದಿನ ಕೆಲಸ ಮಾಡಲೇ ಇಲ್ಲ. ಬಾಲ್ಸಾ ಹಲಗೆಗಳನ್ನು ಕೈಯಲ್ಲಿ ತೂಗುತ್ತಾ ಕುಳಿತಿದ್ದೆ. ಬೀಟೆ, ತೇಗಗಳ ನಡುವೆ ಬೆಳೆದ ನಮಗೆ ಮರ ಎಂದರೆ ಭಾರ. ತೇಗ ಒಂದು ಘನ ಮೀಟರಿಗೆ ಸುಮಾರು 650 ಕಿಲೋ ತೂಗಿದರೆ ಬಾಲ್ಸಾ 150ರ ಆಸುಪಾಸು. ಈಕ್ವೆಡಾರಿನಿಂದ ಬರುವ ಈ ಮರ ನಮ್ಮ ಬೂರುಗದ ಸಂಬಂಧಿ ಎಂದು ತಿಳಿದಾಗ ನನಗಾದ ಸಂತೋಷ ನಿನಗೆ ಅರ್ಥವಾದೀತು. ಇಷ್ಟು ಹಗುರವಾದುದು ಬರೀ ಆಟಿಕೆಗೆ ಎಂದುಕೊಳ್ಳಬೇಡ. ಎರಡನೇ ಮಹಾಯುದ್ಧದ ಮೊಸ್ಕಿಟೋ ಯುದ್ಧವಿಮಾನದ ಒಡಲು ಬರ್ಚ್ ಪ್ಲೈವುಡ್ಡಿನ ಎರಡು ಪದರಗಳ ನಡುವೆ ಬಾಲ್ಸಾ ಸೇರಿಸಿ ಮಾಡಿದ್ದು.

ಜೂನ್ ಎರಡನೇ ವಾರ ಮಳೆ ಹಿಡಿಯಿತು. ನಕ್ಷೆಯನ್ನು ಹಲಗೆಯ ಮೇಲೆ ಹಾಸಿ, ಮೇಲೆ ತೆಳು ಪ್ಲಾಸ್ಟಿಕ್ ಹೊದಿಸಿ, ರೆಕ್ಕೆಯ ಪಕ್ಕೆಲುಬುಗಳನ್ನು ಒಂದೊಂದಾಗಿ ಗುಂಡುಸೂಜಿಯಿಂದ ನಿಲ್ಲಿಸತೊಡಗಿದೆ. ನಮ್ಮ ಊರಿನ ಗಾಳಿ ಎಂಥದು ಎಂಬುದು ಗೋಂದಿನಲ್ಲಿ ಗೊತ್ತಾಯಿತು. ಬಿಳಿ ಗೋಂದು ರಾತ್ರಿಯಿಡೀ ಬಿಟ್ಟರೂ ಬೆಳಿಗ್ಗೆ ಮೆತ್ತಗೇ ಇರುತ್ತಿತ್ತು. ಕ್ಷಣದಲ್ಲಿ ಅಂಟುವ ಸಯನೋಆಕ್ರಿಲೇಟ್ ಗೋಂದಿನದು ಇದಕ್ಕೆ ತದ್ವಿರುದ್ಧ. ಅದು ಗಟ್ಟಿಯಾಗುವುದೇ ತೇವಾಂಶದಿಂದ. ಮಳೆ ಜೋರಾಗಿರುವ ಕಕ್ಕಡದ ತಿಂಗಳಲ್ಲಿ ಪಕ್ಕೆಲುಬನ್ನು ನೇರಮಾಡುವಷ್ಟರಲ್ಲಿ ಕಚ್ಚಿಕೊಂಡುಬಿಡುತ್ತಿತ್ತು. ಕೊನೆಗೆ ಮುಖ್ಯ ಜೋಡಣೆಗಳಿಗೆಲ್ಲ ಬಿಳಿ ಗೋಂದನ್ನೇ ಹಚ್ಚಿ ಎರಡೆರಡು ದಿನ ಕಾದೆ.

ಕಾಯಲಾಗದೆ ತಪ್ಪು ಮಾಡಿದ್ದು ಒಂದೇ ಸಲ. ಬಲಗಡೆಯ ರೆಕ್ಕೆ ಬೇಗ ಒಣಗಲಿ ಎಂದು ಅಡಿಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿಟ್ಟೆ. ಕೆಳಗಿನ ಮೈ ಮೊದಲು ಒಣಗಿತು, ಮೇಲಿನ ಮೈ ಹಸಿಯಾಗಿಯೇ ಉಳಿಯಿತು. ಮೂರನೆಯ ದಿನ ಇಳಿಸಿ ನೋಡಿದರೆ ತುದಿಯ ಹಿಂದಿನ ಅಂಚು ಆರು ಮಿಲಿಮೀಟರ್ ಕೆಳಕ್ಕೆ ತಿರುಚಿಕೊಂಡಿತ್ತು. ಕಣ್ಣಿಗೆ ಅದು ಏನೂ ಅಲ್ಲ. ಆದರೆ ಆ ಬದಿಯ ರೆಕ್ಕೆ ಗಾಳಿಗೆ ಹೆಚ್ಚು ಕೋನದಲ್ಲಿ ಎದುರಾಗುತ್ತದೆ, ವಿಮಾನವನ್ನು ಎಡಕ್ಕೆ ಮಗುಚುತ್ತಿರುತ್ತದೆ. ಇಳಿಸಲು ವೇಗ ತಗ್ಗಿಸಿದಾಗ ಅದೇ ತುದಿ ಮೊದಲು ಆಧಾರ ಕಳೆದುಕೊಂಡು ಬಲಕ್ಕೆ ಬೀಳುತ್ತದೆ. ಎರಡು ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಅಮ್ಮ ಕಡಂಬುಟ್ಟು ಬೇಯಿಸುವ ಪಾತ್ರೆಯ ಹಬೆಗೆ ರೆಕ್ಕೆಯನ್ನು ಹಿಡಿದು, ಮರ ಮೆತ್ತಗಾದ ಮೇಲೆ ಗ್ರಾನೈಟ್ ಚಪ್ಪಡಿಯ ಮೇಲೆ ಮಲಗಿಸಿ, ಹಿಂದಿನ ಅಂಚಿನ ತುದಿಗೆ ನಕ್ಷೆ ಹೇಳಿದಂತೆ ಮೂರು ಮಿಲಿಮೀಟರಿನ ಪಟ್ಟಿ ಕೊಟ್ಟು, ಮೇಲೆ ಅಕ್ಕಿ ತುಂಬಿದ ಸಣ್ಣ ಚೀಲಗಳನ್ನು ಹೇರಿದೆ. ನಾಲ್ಕು ದಿನ ಮುಟ್ಟಲಿಲ್ಲ. ಈಗ ಎರಡೂ ತುದಿಗಳು ಒಂದೇ ಅಳತೆಗೆ ಮೇಲೆದ್ದಿವೆ. ಫೋಮಿನ ಸಿದ್ಧ ವಿಮಾನ ತಂದಿದ್ದರೆ ಒಂದೇ ಸಂಜೆಯಲ್ಲಿ ಮುಗಿಯುತ್ತಿತ್ತು, ನಿಜ. ರೆಕ್ಕೆ ಏಕೆ ಹಾರುತ್ತದೆ ಎಂಬುದು ಮಾತ್ರ ನನ್ನ ಕೈಗೆ ತಿಳಿಯುತ್ತಿರಲಿಲ್ಲ.

ಮೋಟಾರು, ಚುಕ್ಕಾಣಿ ತಿರುಗಿಸುವ ಸರ್ವೋ, ರಿಮೋಟಿನ ಸಂಕೇತ ಹಿಡಿಯುವ ರಿಸೀವರ್ ಕೂರಿಸಿದ್ದು ಎರಡು ಸಂಜೆಯ ಕೆಲಸ. ಹೊದಿಕೆಯ ಹಾಳೆಯನ್ನು ಇಸ್ತ್ರಿಪೆಟ್ಟಿಗೆಯ ಬಿಸಿಗೆ ಬಿಗಿಗೊಳಿಸಬೇಕಿತ್ತು. ಕರೆಂಟ್ ಬಂದ ದಿನಗಳಲ್ಲಿ ಅಷ್ಟಷ್ಟೇ ಮಾಡಿದೆ. ಹಳದಿ ರೆಕ್ಕೆ, ಬಿಳಿ ಒಡಲು. ಬಾಲದ ಮೇಲೆ 1965 ಎಂದು ಬರೆದದ್ದನ್ನು ನೋಡಿ ಮಗಳು ಏಕೆಂದು ಕೇಳಿದಳು. ಆ ವರ್ಷ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ನಡೆದ ದಾಳಿಯಲ್ಲಿ ನಮ್ಮ ಕೊಡಗಿನ ವಾಯುಪಡೆ ಪೈಲಟ್ ಅಜ್ಜಮಾಡ ದೇವಯ್ಯನವರು ತಮ್ಮ ಮಿಸ್ಟೇರ್ ವಿಮಾನದಿಂದ ಅದಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವನ್ನು ಹೊಡೆದುರುಳಿಸಿದರು, ಮರಳಿ ಬರಲಿಲ್ಲ, ಮಹಾವೀರ ಚಕ್ರ ಬಂದದ್ದು 1988ರಲ್ಲಿ ಎಂದು ಹೇಳಿದೆ. ‘ಅಷ್ಟು ವರ್ಷ ಏಕೆ ಕೊಡಲಿಲ್ಲ?’ ಎಂದಳು. ಅವರು ಮಾಡಿದ್ದು ಇಲ್ಲಿಯವರಿಗೆ ಗೊತ್ತಾಗಲು ಅಷ್ಟು ವರ್ಷ ಬೇಕಾಯಿತು ಎಂದೆ. ಆ ಅಂಕಿಗಳಿಗೆ ಎರಡನೆಯ ಸಲ ಬಣ್ಣ ಹಚ್ಚಿದವಳು ಅವಳೇ.

ಮೊನ್ನೆ ಸಮತೂಕ ನೋಡಿದೆ. ರೆಕ್ಕೆಯ ಅಗಲ 24 ಸೆಂಟಿಮೀಟರ್. ಮುಂದಿನ ಅಂಚಿನಿಂದ ಏಳು ಸೆಂಟಿಮೀಟರ್ ಹಿಂದೆ ಎರಡು ಬೆರಳು ಕೊಟ್ಟು ಎತ್ತಿದರೆ ಬಾಲ ಜೋತುಬಿತ್ತು. ಬಾಲ ಭಾರವಾದ ವಿಮಾನ ಮೂತಿ ಎತ್ತಿತೆಂದರೆ ಎತ್ತುತ್ತಲೇ ಹೋಗುತ್ತದೆ, ಹಾರಿಸುವವನ ಹಿಡಿತಕ್ಕೆ ಸಿಗುವುದಿಲ್ಲ. ಬ್ಯಾಟರಿಯನ್ನು ಮೂತಿಯ ಕಡೆಗೆ ಸರಿಸುತ್ತಾ ಹೋದೆ. ಈಗ ಬೆರಳುಗಳ ಮೇಲೆ ಸಮನಾಗಿ ನಿಲ್ಲುತ್ತದೆ.

ಇನ್ನು ನಿನ್ನ ಪಾಲಿನ ಕೆಲಸ. ನಮ್ಮ ಸುತ್ತಮುತ್ತ ಎಲ್ಲೆಲ್ಲೂ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಬಯಲೆಂದರೆ ಕೆಳಗಿನ ಗದ್ದೆ ಮಾತ್ರ. ಹುತ್ತರಿ ಕಳೆದು, ಕೊಯ್ಲು ಮುಗಿದು, ಜನವರಿಯ ಹೊತ್ತಿಗೆ ನೆಲ ಒಣಗಿರುತ್ತದೆ. ಕೂಳೆಯಲ್ಲಿ ಚಕ್ರ ಸಿಕ್ಕಿಕೊಳ್ಳುತ್ತದೆಂದು ಚಕ್ರಗಳನ್ನು ಕಳಚಿಟ್ಟಿದ್ದೇನೆ, ಕೈಯಿಂದಲೇ ಎಸೆಯಬೇಕು. ಹಾರಿಸಿ ಅನುಭವವಿರುವವನು ನೀನು. ಮೊದಲ ಹಾರಾಟ ನಿನ್ನ ಕೈಯಲ್ಲೇ ಆಗಬೇಕು ಎಂಬುದು ನನ್ನ ಆಸೆ. ಮೂತಿ ಮೇಲೆತ್ತದೆ, ಗಾಳಿಗೆ ಎದುರಾಗಿ ನೇರ ಎಸೆಯುವುದನ್ನು ನಾನು ಕಾಫಿ ಕಣದಲ್ಲಿ ಬರಿಗೈಯಲ್ಲೇ ಅಭ್ಯಾಸ ಮಾಡುತ್ತಿದ್ದೇನೆ. ಬೆಳಗಿನ ಬಸ್ಸಿಗೆ ಬರುತ್ತೇನೆ ಎನ್ನಬೇಡ, ಹಿಂದಿನ ರಾತ್ರಿಯೇ ಬಂದು ಉಳಿ. ಮಂಜು ಕರಗುವುದಕ್ಕೂ ಗಾಳಿ ಏಳುವುದಕ್ಕೂ ನಡುವೆ ನಮಗೆ ಸಿಗುವುದು ಒಂದೇ ಗಂಟೆ.

ನಿನ್ನ ದಾರಿ ಕಾಯುತ್ತಿರುವ
ಗೆಳೆಯ